ಯೆಹೂದಿ, ಕ್ರೈಸ್ತ, ಇಸ್ಲಾಂ: ಯಾವುದು ಯಾವುದಕ್ಕೆ ಹತ್ತಿರ?

ಪ್ರಶ್ನೆ: ಜಿಜ್ಞಾಸು

ಎಲ್ಲರಿಗೂ ನಮಸ್ಕಾರ. ಯೆಹೂದಿ, ಕ್ರೈಸ್ತ, ಇಸ್ಲಾಂ ಈ ಮೂರೂ ಅಬ್ರಹಾಮನಿಂದ ಬಂದ ಧರ್ಮಗಳೆಂದೂ, ಯೆಹೂದಿ ಧರ್ಮ ತಾಯಿಯಾದರೆ ಉಳಿದೆರಡು ಅದರ ಹೆಣ್ಣುಮಕ್ಕಳೆಂದೂ ಹಲವು ಕಡೆ ಓದಿದ್ದೇನೆ. ಆದರೆ ಮೂಲಗ್ರಂಥಗಳ ಅನುವಾದಗಳನ್ನು ಓದತೊಡಗಿದ ಮೇಲೆ ಈ ಚಿತ್ರ ಅಷ್ಟು ಸುಲಭವಾಗಿ ಹೊಂದುತ್ತಿಲ್ಲ. ಕ್ರೈಸ್ತರು ಯೆಹೂದಿಗಳ ಪವಿತ್ರ ಗ್ರಂಥವನ್ನು ಹಳೆಯ ಒಡಂಬಡಿಕೆಯೆಂದು ತಮ್ಮ ಬೈಬಲ್ಲಿನೊಳಗೇ ಇಟ್ಟುಕೊಂಡಿದ್ದಾರೆ. ಹಾಗಿದ್ದೂ ಹಂದಿಮಾಂಸದ ನಿಷೇಧ, ಸುನ್ನತಿ, ವಿಗ್ರಹಗಳ ಬಗೆಗಿನ ನಿಷ್ಠುರತೆ ಮುಂತಾದವುಗಳಲ್ಲಿ ಯೆಹೂದಿಗಳನ್ನು ಹೋಲುವವರು ಮುಸ್ಲಿಮರೇ ಹೊರತು ಕ್ರೈಸ್ತರಲ್ಲ. ಇನ್ನೊಂದು ಕಡೆ ಕುರ್‌ಆನ್ ಯೇಸುವನ್ನು ಕನ್ಯೆಯ ಮಗನೆಂದೂ ಮೆಸ್ಸೀಯನೆಂದೂ (ದೇವರು ಕಳುಹಿಸುವ ಅಭಿಷಿಕ್ತನೆಂದೂ) ಕರೆಯುತ್ತದೆ. ಯೆಹೂದಿ ಧರ್ಮ ಈ ಎರಡು ಮಾತುಗಳನ್ನೂ ಒಪ್ಪುವುದಿಲ್ಲ. ಹೀಗಿರುವಾಗ ಈ ಮೂರರಲ್ಲಿ ನಿಜವಾಗಿ ಯಾವುದು ಯಾವುದಕ್ಕೆ ಹತ್ತಿರ? ‘ಮೂವರಿಗೂ ಅಬ್ರಹಾಮನೇ ಮೂಲ’ ಎಂಬ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಗ್ರಂಥಪ್ರಿಯ

ತಾಯಿ ಮತ್ತು ಹೆಣ್ಣುಮಕ್ಕಳ ಚಿತ್ರದಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ತೊಡಕು ಅಲ್ಲಿಯೇ ಇದೆ. ಇಂದು ನಾವು ಕಾಣುವ ಯೆಹೂದಿ ಧರ್ಮ ಯೇಸುವಿನ ಕಾಲದಲ್ಲಿ ಇದೇ ರೂಪದಲ್ಲಿ ಇರಲಿಲ್ಲ. ಆಗ ಅದರ ಕೇಂದ್ರ ಜೆರುಸಲೇಮಿನ ದೇವಾಲಯವಾಗಿತ್ತು. ಯಾಜಕರೂ ಬಲಿಗಳೂ ಇದ್ದುವು. ಫರಿಸಾಯರು, ಸದ್ದುಕಾಯರು ಮುಂತಾದ ಪಂಗಡಗಳು ಧರ್ಮಶಾಸ್ತ್ರದ ಅರ್ಥದ ಬಗ್ಗೆ ತಮ್ಮತಮ್ಮೊಳಗೆ ವಾದಿಸುತ್ತಿದ್ದುವು. ಯೇಸುವೂ ಆತನ ಮೊದಲ ಶಿಷ್ಯರೂ ಆ ಲೋಕಕ್ಕೆ ಸೇರಿದ ಯೆಹೂದಿಗಳೇ. ಕ್ರಿ.ಶ. 70ರಲ್ಲಿ ರೋಮನ್ ಸೇನೆ ದೇವಾಲಯವನ್ನು ನಾಶಮಾಡಿತು. ಬಲಿಯಿಲ್ಲದೆ ಧರ್ಮವನ್ನು ಹೇಗೆ ನಡೆಸಿಕೊಂಡು ಹೋಗಬೇಕೆಂಬ ಪ್ರಶ್ನೆಗೆ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಅಧ್ಯಯನ, ಪ್ರಾರ್ಥನೆ ಮತ್ತು ಧರ್ಮಶಾಸ್ತ್ರದ ಆಚರಣೆ ಎಂಬ ಉತ್ತರವನ್ನು ಕಟ್ಟಿಕೊಟ್ಟರು. ಅದರ ಫಲವಾದ ಮಿಶ್ನಾ ಎಂಬ ಧರ್ಮವಿಧಿಗಳ ಸಂಗ್ರಹ ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲನಗೊಂಡಿತು. ಅದೇ ಪ್ರಶ್ನೆಗೆ ಯೇಸುವಿನ ಅನುಯಾಯಿಗಳು ಆತನ ಮರಣವೇ ಕೊನೆಯ ಬಲಿ ಎಂಬ ಉತ್ತರವನ್ನು ಕೊಟ್ಟರು. ಆದ್ದರಿಂದ ರಬ್ಬಿಗಳ ಯೆಹೂದಿ ಧರ್ಮ ಮತ್ತು ಕ್ರೈಸ್ತ ಧರ್ಮಗಳನ್ನು ತಾಯಿ ಮಗಳು ಎನ್ನುವುದಕ್ಕಿಂತ ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರು ಎನ್ನುವುದು ಇತಿಹಾಸಕ್ಕೆ ಹೆಚ್ಚು ಹೊಂದುತ್ತದೆ.

ಇನ್ನು ಗ್ರಂಥದ ವಿಚಾರ. ಎರಡನೆಯ ಶತಮಾನದ ನಡುವಿನಲ್ಲಿ ರೋಮ್‌ನಲ್ಲಿ ಮಾರ್ಸಿಯೋನ್ ಎಂಬುವನು ಯೆಹೂದಿಗಳ ದೇವರು ಬೇರೆ, ಯೇಸುವಿನ ತಂದೆಯಾದ ದೇವರು ಬೇರೆ, ಹಳೆಯ ಗ್ರಂಥ ಕ್ರೈಸ್ತರಿಗೆ ಬೇಡವೇ ಬೇಡ ಎಂದು ಬೋಧಿಸಿದ. ಕ್ರೈಸ್ತ ಸಭೆ ಅವನನ್ನು ಹೊರಹಾಕಿತು. ಕ್ರೈಸ್ತ ಧರ್ಮದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನಗಳು ಹೆಚ್ಚಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮುಂದೆ ಯೆಹೂದಿಗಳ ಮೇಲೆ ಎಷ್ಟೇ ದ್ವೇಷ ಬೆಳೆದರೂ ಅವರ ಕೀರ್ತನೆಗಳನ್ನೂ ಪ್ರವಾದಿಗಳನ್ನೂ ಓದದೆ ಕ್ರೈಸ್ತರು ಆರಾಧನೆ ನಡೆಸಲಾಗದಂತೆ ಅದು ಮಾಡಿತು. ಆದರೂ ಇಬ್ಬರೂ ಓದುವುದು ಒಂದೇ ಪುಸ್ತಕವನ್ನೇ? ಯೆಹೂದಿಗಳು 24 ಎಂದು ಎಣಿಸುವ ಗ್ರಂಥಗಳನ್ನೇ ಪ್ರಾಟೆಸ್ಟಂಟರು ಬಿಡಿಸಿ 39 ಎಂದು ಎಣಿಸುತ್ತಾರೆ. ಜೋಡಣೆ ಮಾತ್ರ ಬೇರೆ. ಯೆಹೂದಿಗಳ ಮುದ್ರಿತ ಪ್ರತಿಗಳು ಪೂರ್ವಕಾಲವೃತ್ತಾಂತದಿಂದ ಮುಗಿಯುತ್ತವೆ. ಅದರ ಕೊನೆಯಲ್ಲಿ ಪಾರಸಿಯ ಅರಸ ಕೋರೆಷನು ಸೆರೆಯಲ್ಲಿದ್ದ ಜನರಿಗೆ ಜೆರುಸಲೇಮಿಗೆ ಹೋಗಲು ಅಪ್ಪಣೆ ಕೊಡುತ್ತಾನೆ. ಕ್ರೈಸ್ತರ ಹಳೆಯ ಒಡಂಬಡಿಕೆಯಾದರೋ ಎಲೀಯನು ಬರುವನೆಂಬ ಮಲಾಕಿಯನ ಪ್ರವಾದನೆಯಿಂದ ಮುಗಿಯುತ್ತದೆ, ಮತ್ತು ಪುಟ ತಿರುಗಿಸಿದರೆ ಮತ್ತಾಯನ ಸುವಾರ್ತೆ ತೆರೆದುಕೊಳ್ಳುತ್ತದೆ. ಮೊದಲನೆಯ ಕಥೆ ನಾಡಿಗೆ ಮರಳುವುದರಲ್ಲಿ ನಿಲ್ಲುತ್ತದೆ. ಎರಡನೆಯದು ಬರಬೇಕಾದವನೊಬ್ಬನನ್ನು ನೋಡುತ್ತ ನಿಲ್ಲುತ್ತದೆ.

ಯೆಹೂದಿ ಮತ್ತು ಇಸ್ಲಾಂ ಧರ್ಮಗಳ ಸಾಮೀಪ್ಯ ಬೇರೆಯೇ ಬಗೆಯದು. ಎರಡರಲ್ಲಿಯೂ ದೇವರ ಇಚ್ಛೆ ಮುಖ್ಯವಾಗಿ ಶಾಸನದ ರೂಪದಲ್ಲಿ ಬರುತ್ತದೆ. ಊಟ, ವಿವಾಹ, ಸಾಲ, ಶುಚಿತ್ವ, ಪ್ರಾರ್ಥನೆಯ ಹೊತ್ತು, ಎಲ್ಲಕ್ಕೂ ವಿಧಿಯುಂಟು. ಲಿಖಿತ ಗ್ರಂಥದ ಪಕ್ಕದಲ್ಲಿ ಮೌಖಿಕ ಪರಂಪರೆಯುಂಟು, ಅಲ್ಲಿ ತಾಲ್ಮುಡ್, ಇಲ್ಲಿ ಹದೀಸ್. ವಿಧಿಗಳನ್ನು ಬಿಡಿಸಿ ಹೇಳುವವರು ಯಾಜಕರಲ್ಲ, ವಿದ್ವಾಂಸರು. ಕ್ರೈಸ್ತರು ಈ ದಾರಿಯನ್ನು ಬಹಳ ಮೊದಲೇ ಬಿಟ್ಟರು. ಯೆಹೂದ್ಯೇತರರು ಕ್ರೈಸ್ತರಾಗಲು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಮೊದಲ ಶತಮಾನದ ನಡುವಿನಲ್ಲಿ ಜೆರುಸಲೇಮಿನಲ್ಲಿ ಚರ್ಚೆಗೆ ಬಂದು, ಬೇಡವೆಂದು ತೀರ್ಮಾನವಾಯಿತು; ವಿಗ್ರಹಗಳಿಗೆ ಅರ್ಪಿಸಿದ್ದನ್ನು, ರಕ್ತವನ್ನು, ಕುತ್ತಿಗೆ ಹಿಸುಕಿ ಕೊಂದದ್ದನ್ನು ಮತ್ತು ಹಾದರವನ್ನು ಬಿಟ್ಟರೆ ಸಾಕೆಂದಾಯಿತು ಎಂದು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ ಹೇಳುತ್ತದೆ. ಹಾಗೆಂದು ಯೆಹೂದಿ ವಿಧಿಯೂ ಇಸ್ಲಾಮಿನ ವಿಧಿಯೂ ಒಂದೇ ಎಂದು ತಿಳಿಯಬಾರದು. ತೋರಾ (ಮೋಶೆಯ ಧರ್ಮಶಾಸ್ತ್ರ) ನಿಷೇಧಿಸುವ ಒಂಟೆಯ ಮಾಂಸಕ್ಕೆ ಇಸ್ಲಾಮಿನಲ್ಲಿ ಅನುಮತಿಯಿದೆ. ಕೆಲವು ನಿಷೇಧಗಳು ಯೆಹೂದಿಗಳಿಗೆ ಮಾತ್ರ ವಿಧಿಸಲ್ಪಟ್ಟವು ಎಂದು ಕುರ್‌ಆನೇ ಹೇಳುತ್ತದೆ.

ಈ ಸಾಮೀಪ್ಯ ಎಷ್ಟು ಆಳವಾದದ್ದೆಂಬುದಕ್ಕೆ ಒಂದು ಉದಾಹರಣೆ ಸಾಕು. ಮಿಶ್ನಾದ ಸನ್ಹೆದ್ರಿನ್ ಭಾಗದಲ್ಲಿ, ಮರಣದಂಡನೆಯ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಬಂದವರನ್ನು ಎಚ್ಚರಿಸುವ ಮಾತುಗಳಿವೆ. ಅಲ್ಲಿ ಕಾಯಿನನು ತಮ್ಮನಾದ ಹೇಬೆಲನನ್ನು ಕೊಂದ ಪ್ರಸಂಗವನ್ನು ನೆನಪಿಸಿ, ಒಂದು ಜೀವವನ್ನು ನಾಶಮಾಡಿದವನು ಇಡೀ ಲೋಕವನ್ನೇ ನಾಶಮಾಡಿದಂತೆ, ಒಂದು ಜೀವವನ್ನು ಉಳಿಸಿದವನು ಇಡೀ ಲೋಕವನ್ನೇ ಉಳಿಸಿದಂತೆ ಎಂದು ಹೇಳಲಾಗುತ್ತದೆ. ಕುರ್‌ಆನಿನ 5ನೆಯ ಅಧ್ಯಾಯವೂ ಆದಮನ ಇಬ್ಬರು ಮಕ್ಕಳ ಅದೇ ಕಥೆಯನ್ನು ಹೇಳಿ, ಅದರ ಬೆನ್ನಿಗೇ 32ನೆಯ ಸೂಕ್ತದಲ್ಲಿ ಅದೇ ತತ್ವವನ್ನು ಮುಂದಿಡುತ್ತದೆ. ಅಷ್ಟೇ ಅಲ್ಲ, ಇದನ್ನು ಇಸ್ರಾಯೀಲರ ಮೇಲೆ ವಿಧಿಸಲಾಗಿತ್ತು ಎಂದೂ ಸ್ಪಷ್ಟವಾಗಿ ಹೇಳುತ್ತದೆ. ಆ ಮಾತು ಕ್ರೈಸ್ತರ ಬೈಬಲ್ಲಿನಲ್ಲಿ ಇಲ್ಲ.

ಕ್ರೈಸ್ತರನ್ನೂ ಮುಸ್ಲಿಮರನ್ನೂ ಕೂಡಿಸುವುದು ಯೇಸು ಮತ್ತು ಮರಿಯಳು. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿರುವ ಏಕೈಕ ಸ್ತ್ರೀ ಮರ್ಯಮ್. 19ನೆಯ ಅಧ್ಯಾಯಕ್ಕೆ ಆಕೆಯದೇ ಹೆಸರು. ಮೆಸ್ಸೀಯನು ಒಮ್ಮೆ ಬಂದಿದ್ದಾನೆ, ಮತ್ತೆ ಬರುವನು ಎಂದು ಇಬ್ಬರೂ ನಂಬುತ್ತಾರೆ. ಇಬ್ಬರ ಸಂದೇಶವೂ ಒಂದು ಜನಾಂಗಕ್ಕಲ್ಲ, ಮನುಕುಲಕ್ಕೆಲ್ಲ ಉದ್ದೇಶಿಸಿದ್ದು. ಆದರೆ ಇಷ್ಟು ಹತ್ತಿರ ಬಂದ ಮೇಲೆಯೇ ದೊಡ್ಡ ಬಿರುಕು ಕಾಣುವುದು: ಯೇಸು ದೇವರ ಮಗನೆಂಬುದನ್ನೂ ಶಿಲುಬೆಯ ಮರಣವನ್ನೂ ಕುರ್‌ಆನ್ ನಿರಾಕರಿಸುತ್ತದೆ, ಮತ್ತು ಕ್ರೈಸ್ತ ನಂಬಿಕೆಯ ಹೃದಯವಿರುವುದು ಈ ಎರಡರಲ್ಲಿಯೇ.

ಹೀಗಾಗಿ ನನ್ನ ಉತ್ತರ ಇದು: ಯಾವ ಎರಡು ಧರ್ಮಗಳನ್ನು ತೆಗೆದುಕೊಂಡರೂ, ಮೂರನೆಯದಕ್ಕೆ ಪಾಲಿಲ್ಲದ ಏನೋ ಒಂದು ಅವೆರಡರ ನಡುವೆ ಇದೆ.

ಉತ್ತರ 2: ಮರುಭೂಮಿಯ ದಾರಿ

ಗ್ರಂಥಪ್ರಿಯರ ವಿವರಣೆಗೆ ಒಂದು ತಿದ್ದುಪಡಿಯನ್ನೂ ಒಂದು ಸೇರ್ಪಡೆಯನ್ನೂ ಸೂಚಿಸುತ್ತೇನೆ.

ತಿದ್ದುಪಡಿಯೆಂದರೆ, ಈ ಸಂಬಂಧಗಳು ಎರಡೂ ಕಡೆಯಿಂದ ಒಂದೇ ತೂಕದವಲ್ಲ. ಯೆಹೂದಿ ಧರ್ಮವು ಯೇಸುವಿನ ಹೆಸರನ್ನಾಗಲಿ ಮುಹಮ್ಮದರ ಹೆಸರನ್ನಾಗಲಿ ಎತ್ತದೆ ತನ್ನ ಕಥೆಯನ್ನು ಪೂರ್ಣವಾಗಿ ಹೇಳಿಕೊಳ್ಳಬಲ್ಲದು. ಕ್ರೈಸ್ತ ಧರ್ಮ ಮೋಶೆಯನ್ನೂ ದಾವೀದನನ್ನೂ ಬಿಟ್ಟು ಒಂದು ಹೆಜ್ಜೆಯನ್ನೂ ಇಡಲಾರದು. ಇಸ್ಲಾಂ ಈ ಇಬ್ಬರ ಪ್ರವಾದಿಗಳನ್ನೂ ತನ್ನವರೆಂದು ಒಪ್ಪುತ್ತದೆ. ಕುರ್‌ಆನಿನಲ್ಲಿ ಅತಿ ಹೆಚ್ಚು ಸಲ ಬರುವ ಪ್ರವಾದಿಯ ಹೆಸರು ಮೂಸಾ, ಅಂದರೆ ಮೋಶೆ. ಆದರೆ ಇಸ್ಲಾಂ ಹಳೆಯ ಗ್ರಂಥಗಳನ್ನು ಹಾಗೆಯೇ ಉಳಿಸಿಕೊಳ್ಳಲಿಲ್ಲ. ತೌರಾತ್ (ತೋರಾ) ಮತ್ತು ಇಂಜೀಲ್ (ಯೇಸುವಿನ ಸುವಾರ್ತೆ) ದೇವರಿಂದಲೇ ಬಂದವು, ಆದರೆ ಜನರ ಕೈಯಲ್ಲಿ ಅವು ಮಾರ್ಪಾಡಾಗಿವೆ ಎಂಬುದು ಅದರ ನಿಲುವು. ಈ ಕಾರಣದಿಂದ ಯಾವ ಮಸೀದಿಯಲ್ಲಿಯೂ ಯೆಶಾಯನ ಪಠಣ ನಡೆಯುವುದಿಲ್ಲ, ಚರ್ಚುಗಳಲ್ಲಿ ನಡೆಯುತ್ತದೆ.

ಸೇರ್ಪಡೆ ಅಬ್ರಹಾಮನ ಬಗ್ಗೆ. ಅವನು ಮೂವರನ್ನೂ ಕೂಡಿಸುತ್ತಾನೆಂದು ಹೇಳುವವರು ಅವನ ವಿಚಾರದಲ್ಲಿಯೇ ಮೂವರೂ ಬೇರೆಯಾಗುತ್ತಾರೆಂಬುದನ್ನು ಗಮನಿಸಬೇಕು. ಯೆಹೂದಿಗಳಿಗೆ ಅವನು ಒಡಂಬಡಿಕೆಯ ಪಿತಾಮಹ. ಆ ಒಡಂಬಡಿಕೆ ಇಸಾಕ ಮತ್ತು ಯಾಕೋಬರ ಮೂಲಕ ಒಂದು ವಂಶಕ್ಕೆ ಇಳಿದುಬರುತ್ತದೆ, ಸುನ್ನತಿ ಅದರ ಗುರುತು. ಕ್ರೈಸ್ತ ಅಪೊಸ್ತಲನಾದ ಪೌಲನು ರೋಮಿನವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ, ಈ ಕಥೆಯಿರುವ ಬೈಬಲ್ಲಿನ ಮೊದಲ ಗ್ರಂಥವಾದ ಆದಿಕಾಂಡವನ್ನೇ ಹಿಡಿದು ವಾದಿಸುತ್ತಾನೆ. ಅಬ್ರಹಾಮನ ನಂಬಿಕೆಯನ್ನು ದೇವರು ನೀತಿಯೆಂದು ಎಣಿಸಿದ್ದು 15ನೆಯ ಅಧ್ಯಾಯದಲ್ಲಿ, ಸುನ್ನತಿಯ ಆಜ್ಞೆ ಬಂದದ್ದು 17ನೆಯ ಅಧ್ಯಾಯದಲ್ಲಿ. ಆದ್ದರಿಂದ ಸುನ್ನತಿಯಿಲ್ಲದೆ ನಂಬುವವರಿಗೂ ಅವನು ತಂದೆ ಎಂಬುದು ಅವನ ವಾದ. ಕುರ್‌ಆನ್ 3ನೆಯ ಅಧ್ಯಾಯದಲ್ಲಿ ಇಬ್ಬರಿಗೂ ಒಟ್ಟಿಗೆ ಉತ್ತರಿಸುತ್ತದೆ: ತೌರಾತ್ ಮತ್ತು ಇಂಜೀಲ್ ಇಬ್ರಾಹೀಮರ ಅನಂತರ ಬಂದವು, ಅವರು ಯೆಹೂದಿಯೂ ಆಗಿರಲಿಲ್ಲ, ಕ್ರೈಸ್ತರೂ ಆಗಿರಲಿಲ್ಲ, ದೇವರಿಗೆ ಶರಣಾದ ಏಕನಿಷ್ಠರಾಗಿದ್ದರು. ಪೌಲನೂ ಕುರ್‌ಆನೂ ಇಲ್ಲಿ ಬಳಸುವ ಯುಕ್ತಿ ಒಂದೇ ಎಂಬುದು ನನ್ನನ್ನು ಯಾವಾಗಲೂ ಬೆರಗಾಗಿಸುತ್ತದೆ: ಇಬ್ಬರೂ ಶಾಸನಕ್ಕಿಂತ ಮೊದಲಿನ ಅಬ್ರಹಾಮನನ್ನು ಸಾಕ್ಷಿಗೆ ಕರೆಯುತ್ತಾರೆ.

ಮಗನನ್ನು ಬಲಿಕೊಡಲು ಹೊರಟ ಪ್ರಸಂಗವೂ ಹೀಗೆಯೇ. ಆದಿಕಾಂಡದಲ್ಲಿ ಆ ಮಗ ಇಸಾಕ. ಯೆಹೂದಿಗಳು ಹೊಸ ವರ್ಷದ ಎರಡನೆಯ ದಿನ ಆ ಅಧ್ಯಾಯವನ್ನು ಸಭಾಮಂದಿರದಲ್ಲಿ ಓದುತ್ತಾರೆ ಮತ್ತು ಟಗರಿನ ಕೊಂಬನ್ನು ಊದುತ್ತಾರೆ. ಸೌದೆ ಹೊತ್ತು ಬೆಟ್ಟವೇರುವ ಇಸಾಕನಲ್ಲಿ ಕ್ರೈಸ್ತರು ಶಿಲುಬೆ ಹೊತ್ತ ಯೇಸುವಿನ ಮುನ್ಸೂಚನೆಯನ್ನು ಕಂಡರು. ಕುರ್‌ಆನಿನ 37ನೆಯ ಅಧ್ಯಾಯ ಮಗನ ಹೆಸರನ್ನು ಹೇಳುವುದಿಲ್ಲ. ಮೊದಲ ಶತಮಾನಗಳ ವ್ಯಾಖ್ಯಾನಕಾರರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿತ್ತು. 923ರಲ್ಲಿ ತೀರಿಕೊಂಡ ಮಹಾವಿದ್ವಾಂಸ ತಬರಿ ಅದು ಇಸ್‌ಹಾಕರೇ ಎಂಬ ಪಕ್ಷವನ್ನು ಹಿಡಿದಿದ್ದರು. ಮುಂದೆ ಇಸ್ಮಾಯೀಲರೆಂಬ ಅಭಿಪ್ರಾಯವೇ ನೆಲೆಗೊಂಡಿತು, ಬಕ್ರೀದ್ ಹಬ್ಬದಲ್ಲಿ ಮುಸ್ಲಿಮರು ಸ್ಮರಿಸುವುದು ಅವರನ್ನೇ.

ಜಿಜ್ಞಾಸು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಈ ಮೂರೂ ಧರ್ಮದವರು ತಾವು ಆರಾಧಿಸುವುದು ಒಬ್ಬನೇ ದೇವರನ್ನು ಎಂದು ಪರಸ್ಪರ ಒಪ್ಪಿಕೊಂಡಿದ್ದಾರೆಯೇ? ಇಂದಿನವರ ಸೌಹಾರ್ದದ ಮಾತುಗಳಿಗಿಂತ, ಆಯಾ ಧರ್ಮದ ಒಳಗಿನಿಂದ ಅಧಿಕಾರವಾಣಿಯಲ್ಲಿ ಮಾತನಾಡಿದವರು ಏನು ಹೇಳಿದ್ದಾರೆಂದು ತಿಳಿಯುವ ಆಸೆ.

ಉತ್ತರ 3: ಸಂಧ್ಯಾಕಾಲ

ಇಸ್ಲಾಮಿನ ಉತ್ತರ ಎಲ್ಲಕ್ಕಿಂತ ನೇರವಾಗಿದೆ. ‘ನಮ್ಮ ದೇವನೂ ನಿಮ್ಮ ದೇವನೂ ಒಬ್ಬನೇ’ ಎಂದು ಗ್ರಂಥದವರಿಗೆ, ಅಂದರೆ ಯೆಹೂದಿ ಮತ್ತು ಕ್ರೈಸ್ತರಿಗೆ, ಹೇಳಬೇಕೆಂದು ಕುರ್‌ಆನ್ 29ನೆಯ ಅಧ್ಯಾಯದಲ್ಲಿ ಬೋಧಿಸುತ್ತದೆ. ಅವರ ಆಹಾರ ಮುಸ್ಲಿಮರಿಗೆ ಧರ್ಮಸಮ್ಮತವೆಂದೂ ಅವರ ಸ್ತ್ರೀಯರನ್ನು ಮುಸ್ಲಿಮ್ ಪುರುಷರು ವಿವಾಹವಾಗಬಹುದೆಂದೂ 5ನೆಯ ಅಧ್ಯಾಯ ಹೇಳುತ್ತದೆ. ಆದರೆ ದೇವರು ಒಬ್ಬನೇ ಎಂದಮಾತ್ರಕ್ಕೆ ಅವನ ಬಗೆಗಿನ ಮಾತುಗಳೆಲ್ಲ ಸರಿಯೆಂದು ಇಸ್ಲಾಂ ಒಪ್ಪಲಿಲ್ಲ. ಖಲೀಫ ಅಬ್ದುಲ್ ಮಲಿಕ್ ಜೆರುಸಲೇಮಿನಲ್ಲಿ ಕಟ್ಟಿಸಿದ ಬಂಡೆಯ ಗುಮ್ಮಟದ (ಡೋಮ್ ಆಫ್ ದಿ ರಾಕ್) ಒಳಗೆ, ಕಮಾನುಗಳ ಮೇಲೆ ಬಣ್ಣದ ಹರಳುಗಳಲ್ಲಿ ಬರೆಸಿರುವ ಶಾಸನವನ್ನು ನೋಡಬೇಕು. ಅದರ ಕಾಲ ಹಿಜರಿ 72, ಅಂದರೆ ಕ್ರಿ.ಶ. 691-92. ಗ್ರಂಥದವರೇ, ನಿಮ್ಮ ಧರ್ಮದಲ್ಲಿ ಮಿತಿ ಮೀರಬೇಡಿ, ಮರ್ಯಮರ ಮಗ ಈಸಾ ದೇವರ ಸಂದೇಶವಾಹಕರು, ‘ಮೂರು’ ಎನ್ನಬೇಡಿ ಎಂಬ ಸೂಕ್ತಗಳು ಅಲ್ಲಿವೆ. ಯೇಸುವಿನ ಸಮಾಧಿಯ ಚರ್ಚು ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಆ ಗೋಡೆ ಯೇಸುವನ್ನು ಗೌರವಿಸುತ್ತಲೇ ನೆರೆಯ ಚರ್ಚಿನೊಡನೆ ವಾದಿಸುತ್ತಿದೆ.

ಕ್ರೈಸ್ತರ ಕಡೆಯಿಂದ ಮೊದಮೊದಲು ಇಸ್ಲಾಮಿನ ಬಗ್ಗೆ ವಿಸ್ತಾರವಾಗಿ ಬರೆದವರಲ್ಲಿ ಎಂಟನೆಯ ಶತಮಾನದ ದಮಾಸ್ಕಸ್‌ನ ಯೋಹಾನ ಪ್ರಮುಖ. ಅವನ ಮನೆತನ ಖಲೀಫರ ಆಡಳಿತದಲ್ಲಿ ಕೆಲಸ ಮಾಡಿತ್ತು. ಅವನು ಇಸ್ಲಾಮನ್ನು ಅನ್ಯಧರ್ಮವೆಂದು ಕರೆಯದೆ, ಕ್ರೈಸ್ತ ಬೋಧನೆಯಿಂದ ದಾರಿತಪ್ಪಿದ ಮತಗಳ ಸಾಲಿನ ಕೊನೆಯಲ್ಲಿ ಸೇರಿಸಿದ. ಅದು ಖಂಡನೆಯೇ ಹೌದು. ಆದರೂ ಒಂದು ಬಗೆಯ ನಂಟನ್ನು ಒಪ್ಪಿಕೊಂಡ ಖಂಡನೆ. ಕ್ಯಾಥೊಲಿಕ್ ಸಭೆ ಅಧಿಕೃತವಾಗಿ ಬೇರೆ ಧ್ವನಿಯಲ್ಲಿ ಮಾತನಾಡಿದ್ದು 1965ರ ಅಕ್ಟೋಬರ್ 28ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯಲ್ಲಿ. ಮುಸ್ಲಿಮರು ಏಕೈಕ ದೇವರನ್ನು ಆರಾಧಿಸುವವರೆಂದು ಅದು ಗೌರವದಿಂದ ಹೇಳಿತು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದೆಂದೂ ಸಾರಿತು. ಆ ಆರೋಪದ ಹೆಸರಿನಲ್ಲಿ ಶತಮಾನಗಳ ಕಾಲ ಹರಿದ ರಕ್ತವನ್ನು ನೆನೆದರೆ, ಈ ಮಾತು ಬರಲು ಅಷ್ಟು ಕಾಲ ಹಿಡಿದದ್ದು ನೋವಿನ ಸಂಗತಿ.

ಯೆಹೂದಿಗಳ ಪೈಕಿ ನಾನು ಧರ್ಮಶಾಸ್ತ್ರಜ್ಞ ಮೈಮೋನಿಡೀಸನ ಮಾತನ್ನು ಮುಂದಿಡುತ್ತೇನೆ. ಅವನು 1138ರ ಸುಮಾರಿಗೆ ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ, ಅಲ್ಮೊಹದ್ ಅರಸರ ಕಾಲದ ಮತಪೀಡನೆಯಿಂದ ಊರು ಬಿಟ್ಟು, ಕೊನೆಗೆ ಈಜಿಪ್ಟಿನಲ್ಲಿ ಸಲಾದಿನನ ಆಸ್ಥಾನದ ವೈದ್ಯನಾಗಿದ್ದು, 1204ರಲ್ಲಿ ತೀರಿಕೊಂಡ. ಮುಸ್ಲಿಮ್ ಆಳ್ವಿಕೆಯ ಕ್ರೌರ್ಯವನ್ನೂ ಔದಾರ್ಯವನ್ನೂ ಸ್ವತಃ ಕಂಡವನು. ಮುಸ್ಲಿಮರು ವಿಗ್ರಹಾರಾಧಕರೇ ಎಂದು ಯೆಹೂದಿ ಧರ್ಮಕ್ಕೆ ಮತಾಂತರಗೊಂಡ ಒಬ್ಬನು ಕೇಳಿದಾಗ, ಖಂಡಿತ ಅಲ್ಲ, ದೇವರ ಏಕತ್ವದ ವಿಷಯದಲ್ಲಿ ಅವರಲ್ಲಿ ಯಾವ ಕುಂದೂ ಇಲ್ಲ ಎಂದು ಅವನು ಉತ್ತರಿಸಿದ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರನ್ನು ಆರಾಧಿಸುವ ಕ್ರೈಸ್ತರಿಗೆ ಆ ಮಾತನ್ನು ಅವನು ಅನ್ವಯಿಸಲಿಲ್ಲ. ಆದರೆ ಯೆಹೂದ್ಯೇತರರಿಗೆ ತೋರಾ ಕಲಿಸಬಹುದೇ ಎಂಬ ಇನ್ನೊಂದು ಪ್ರಶ್ನೆ ಬಂದಾಗ ಅವನ ತೀರ್ಪು ತಿರುಗುಮುರುಗಾಯಿತು: ಕ್ರೈಸ್ತರಿಗೆ ಕಲಿಸಬಹುದು, ಏಕೆಂದರೆ ನಮ್ಮಲ್ಲಿರುವ ಪಾಠವೇ ದೇವರಿಂದ ಬಂದದ್ದೆಂದು ಅವರು ನಂಬುತ್ತಾರೆ, ತಪ್ಪುವುದು ಅರ್ಥದಲ್ಲಿ ಮಾತ್ರ, ಮುಸ್ಲಿಮರಿಗೆ ಕಲಿಸಬಾರದು, ಏಕೆಂದರೆ ಅವರು ಪಾಠವನ್ನೇ ಒಪ್ಪುವುದಿಲ್ಲ. ಯಾವುದು ಯಾವುದಕ್ಕೆ ಹತ್ತಿರ ಎಂಬ ನಿಮ್ಮ ಮೊದಲ ಪ್ರಶ್ನೆಗೆ ದೇವರ ವಿಷಯದಲ್ಲಿ ಒಂದು, ಗ್ರಂಥದ ವಿಷಯದಲ್ಲಿ ಇನ್ನೊಂದು ಎಂದು ಒಬ್ಬನೇ ಧರ್ಮಶಾಸ್ತ್ರಜ್ಞ ಎರಡು ಉತ್ತರಗಳನ್ನು ಕೊಟ್ಟಿದ್ದಾನೆ, ಮತ್ತು ಅವನ ಧರ್ಮದ ಒಳಗಿನಿಂದ ನೋಡಿದರೆ ಎರಡಕ್ಕೂ ಗಟ್ಟಿಯಾದ ಆಧಾರವಿದೆ.