ಅಪ್ಪ, ಅಮ್ಮನ ಜೊತೆ ಪೆರುಗೆ ಹೋಗುತ್ತಿದ್ದೇವೆ. ಮಾಚು ಪಿಚು ಅಲ್ಲದೆ ಇನ್ನೇನು ನೋಡಲೇಬೇಕು?

ಚಳ್ಳಕೆರೆ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ಮೇಲೆ ನ್ಯೂಜೆರ್ಸಿಯಲ್ಲಿದ್ದೇನೆ. ಈ ಸಲ ಅಪ್ಪ, ಅಮ್ಮ ಇಲ್ಲಿಗೆ ಬರುತ್ತಿದ್ದಾರೆ. ಜೂನ್ ಕೊನೆಯಲ್ಲಿ ಅವರನ್ನು ಪೆರುಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಮಾಚು ಪಿಚು ಅಂತೂ ನೋಡಿಯೇ ನೋಡುತ್ತೇವೆ. ಉಳಿದದ್ದಕ್ಕೆ ಟೂರಿನವರು ಒಂದು ಪಟ್ಟಿ ಕೊಟ್ಟಿದ್ದಾರೆ: ದಿನಕ್ಕೊಂದು ಊರು, ಬೆಳಗಿನ ಜಾವ ಎದ್ದು ಮಳೆಬಿಲ್ಲು ಬೆಟ್ಟ ಹತ್ತೋದು, ಸಂಜೆ ಮತ್ತೆ ಬಸ್ಸು. ಅಪ್ಪನಿಗೆ ಮಂಡಿನೋವು. ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಅಪ್ಪ ಜೀವಮಾನವೆಲ್ಲ ಶೇಂಗಾ ಬೆಳೆದವರು. ಬರೀ ಕಲ್ಲು ಕಟ್ಟಡ ತೋರಿಸಿದರೆ ಅರ್ಧ ದಿನಕ್ಕೇ ಬೇಸರವಾಗಿಬಿಡುತ್ತದೆ. ಹೋಗಿ ಬಂದವರು ಏನು ಹೇಳ್ತೀರಿ?

ಕಳಸದ ಚಾರಣಿಗ:

ಮೊದಲು ಎತ್ತರದ ವಿಷಯ. ಮಾಚು ಪಿಚುಗೆ ಹೋಗುವವರು ಇಳಿಯುವ ಊರು ಕುಸ್ಕೋ. ಅಲ್ಲಿ ವಿಮಾನ ಇಳಿದ ಕೂಡಲೇ ನೀವು 3,400 ಮೀಟರ್ ಎತ್ತರದಲ್ಲಿರುತ್ತೀರಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ತಲೆನೋವು, ವಾಕರಿಕೆ, ರಾತ್ರಿ ನಿದ್ದೆ ಬಾರದಿರುವುದು, ಇವೆಲ್ಲ ಗಟ್ಟಿಮುಟ್ಟಾದ ಹುಡುಗರಿಗೂ ಆಗುತ್ತದೆ. ಆದ್ದರಿಂದ ಇಳಿದ ದಿನವೇ ಕಾರು ಹಿಡಿದು ಉರುಬಾಂಬಾ ಕಣಿವೆಗೆ ಹೋಗಿಬಿಡಿ. ಅಲ್ಲಿನ ಓಯಾಂತಾಯ್ತಾಂಬೊ ಊರು ಸುಮಾರು 2,800 ಮೀಟರ್. ಮಾಚು ಪಿಚು ಇನ್ನೂ ಕೆಳಗೆ, 2,430. ಕುಸ್ಕೋ ಊರನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಮೈ ಒಗ್ಗಿರುತ್ತದೆ.

ಮಳೆಬಿಲ್ಲು ಬೆಟ್ಟ 5,000 ಮೀಟರ್ ದಾಟುತ್ತದೆ. ನಿಮ್ಮ ಅಪ್ಪನಿಗೆ ಬೇಡವೇ ಬೇಡ. ಹೊರಡುವ ಮುಂಚೆ ಇಬ್ಬರನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ಹೋಟೆಲಿನಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ, ಅಲ್ಲಿ ಅದು ಮಾಮೂಲು. ಆದರೆ ಒಂದು ಪೊಟ್ಟಣವನ್ನೂ ಅಮೆರಿಕಕ್ಕೆ ತರಬೇಡಿ, ಕಾನೂನಿಗೆ ವಿರುದ್ಧ. ಜೂನ್ 24ಕ್ಕೆ ಕುಸ್ಕೋದಲ್ಲಿ ಇಂತಿ ರಾಯ್ಮಿ, ಅಂದರೆ ಸೂರ್ಯನ ಹಬ್ಬ. ಆಗ ಜನ ಜಾಸ್ತಿ, ರೂಮಿನ ಬಾಡಿಗೆಯೂ ಜಾಸ್ತಿ.

ಶಾಂತಿಗ್ರಾಮದ ಅಕ್ಕ:

ನಮ್ಮದು ಹಾಸನ ಕಡೆ, ಆಲೂಗಡ್ಡೆ ಬೆಳೆಯುವ ಮನೆ. ಬಿತ್ತನೆ ಮುಗಿಸಿ, ಜಮೀನನ್ನು ಮೈದುನನಿಗೆ ಒಪ್ಪಿಸಿ, ಮಗಳ ಜೊತೆ ಪೆರುಗೆ ಹೋಗಿದ್ದೆ. ನನ್ನನ್ನು ಕೇಳಿದರೆ, ನಿಮ್ಮ ಅಪ್ಪನಂಥವರು ಅಲ್ಲಿ ನೋಡಲೇಬೇಕಾದದ್ದು ಒಂದು ಆಲೂಗಡ್ಡೆ ಹೊಲ. ಟೂರಿನವರ ಪಟ್ಟಿಯಲ್ಲಿ ಅದು ಇರುವುದಿಲ್ಲ. ನೀವೇ ಕೇಳಿ ಸೇರಿಸಿಕೊಳ್ಳಬೇಕು.

ಯಾಕೆ ಹೇಳ್ತೀನಿ ಕೇಳಿ. ನಮ್ಮಲ್ಲಿ ಬಿತ್ತನೆ ಗೆಡ್ಡೆ ಜಲಂಧರದಿಂದ ಲಾರಿಯಲ್ಲಿ ಬರುತ್ತದೆ. ಹೆಚ್ಚಾಗಿ ಕುಫ್ರಿ ಜ್ಯೋತಿ ಒಂದೇ ತಳಿ. ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿಯಿತು ಅಂದರೆ ಅಂಗಮಾರಿ ರೋಗ ಬಂತು ಅಂತಲೇ ಲೆಕ್ಕ. ಇವತ್ತು ಎಲೆ ಮೇಲೆ ಚುಕ್ಕೆ, ವಾರದೊಳಗೆ ಹೊಲವೆಲ್ಲ ಕರ್ರಗೆ. ನಮ್ಮ ಸೀಮೆಯಲ್ಲಿ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದ ಮನೆಗಳು ಎಷ್ಟೋ ಇವೆ.

ಅದೇ ಉರುಬಾಂಬಾ ಕಣಿವೆಯ ಪಿಸಾಕ್ ಊರಿನ ಮೇಲಿನ ಬೆಟ್ಟದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಕೆಚುವಾ ರೈತರ ಹಳ್ಳಿಗಳು ಸೇರಿ ನಡೆಸುವ ಪಾರ್ಕೆ ದೆ ಲಾ ಪಾಪಾ ಅಂತ ಇದೆ. ಆಲೂಗಡ್ಡೆಯ ವನ ಅನ್ನಿ. ಅಲ್ಲಿ ಒಬ್ಬ ಹೆಂಗಸು ಬೆನ್ನಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಆಲೂಗಡ್ಡೆಗಳನ್ನು ನೆಲದ ಮೇಲೆ ಹರಡಿದಳು. ನೇರಳೆ ಬಣ್ಣದ್ದು, ಕೆಂಪಗೆ ಉದ್ದನೆಯದು, ಕೊಯ್ದರೆ ಒಳಗೆ ಬಳೆಯ ಹಾಗೆ ನೀಲಿ ಸುತ್ತು ಇರುವುದು. ಇನ್ನೊಂದರ ಮೈತುಂಬ ಗಂಟು. ಹೊಸದಾಗಿ ಬಂದ ಸೊಸೆಯ ಕೈಗೆ ಅದನ್ನು ಕೊಟ್ಟು, ಒಡೆಯದ ಹಾಗೆ ಸಿಪ್ಪೆ ತೆಗೆಯಮ್ಮ ಅಂತ ಪರೀಕ್ಷೆ ಮಾಡುತ್ತಿದ್ದರಂತೆ. ನಾನೂ ಕೈಯಲ್ಲಿ ಹಿಡಿದು ನೋಡಿದೆ, ಚಾಕು ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುವುದಿಲ್ಲ.

ಇವೆಲ್ಲ ಒಂದೇ ಹೊಲದಲ್ಲಿ ಬೆರೆಸಿ ನೆಟ್ಟಿದ್ದು! ಹಿಮ ಬಿದ್ದರೆ ಒಂದಷ್ಟು ಹೋಗುತ್ತದೆ, ರೋಗ ಬಂದರೆ ಇನ್ನೊಂದಷ್ಟು. ಉಳಿದದ್ದು ಮನೆ ಸಾಕುತ್ತದೆ. ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ 1971ರಿಂದ ಇಂಥ ತಳಿಗಳನ್ನು ಕೂಡಿಸಿ ಕಾಪಾಡುತ್ತಿದೆ. ಹಳ್ಳಿಗಳಲ್ಲಿ ಕಳೆದುಹೋಗಿದ್ದ ನೂರಾರು ತಳಿಗಳು 2004ರ ಒಪ್ಪಂದದ ಮೇಲೆ ಅದೇ ಕೇಂದ್ರದಿಂದ ಈ ಬೆಟ್ಟಕ್ಕೆ ವಾಪಸ್ ಬಂದವು. ಅದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತು. ನಮ್ಮ ರಾಗಿ, ಅವರೆಯ ನಾಟಿ ತಳಿಗಳು ಎಷ್ಟು ಹೋಗಿವೆಯೋ, ಅವನ್ನು ಯಾರು ತಂದು ಕೊಡುತ್ತಾರೆ?

ಜೂನ್, ಜುಲೈ ಅಲ್ಲಿ ಅಗೆತ ಮುಗಿಯುವ ಕಾಲ. ಆಗ ಹೋದವರಿಗೆ ವಾತಿಯಾ ಸಿಗುತ್ತದೆ. ಹೊಲದ ಒಣ ಹೆಂಟೆಗಳನ್ನೇ ಒಂದರ ಮೇಲೊಂದು ಜೋಡಿಸಿ ಗೂಡು ಕಟ್ಟುತ್ತಾರೆ. ಗಾರೆ ಇಲ್ಲ, ಕಲ್ಲಿಲ್ಲ. ಒಂದು ಬಾಯಿ ಬಿಟ್ಟು ಒಳಗೆ ಕಡ್ಡಿ ಕಸ ಉರಿಸುತ್ತಾರೆ. ಹೆಂಟೆ ಕಾದು ಕೆಂಪಗಾದ ಮೇಲೆ ಕೆಂಡ ಎಳೆದು, ಆಲೂಗಡ್ಡೆ ಸುರಿದು, ಗೂಡನ್ನೇ ಮೇಲೆ ಕೆಡವಿ ಮಣ್ಣು ಮುಚ್ಚುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಗುದ್ದಲಿಯಿಂದ ಹುಷಾರಾಗಿ ಕೆದಕಿದರೆ ಬಿಸಿ ಹಬೆ, ಸುಟ್ಟ ಮಣ್ಣಿನ ವಾಸನೆ. ಸಿಪ್ಪೆ ಬೆರಳಿಗೇ ಬಿಟ್ಟುಕೊಳ್ಳುತ್ತದೆ. ಒಳಗೆ ಹಿಟ್ಟುಹಿಟ್ಟಾಗಿ ಅರಳಿರುತ್ತದೆ. ಜೊತೆಗೆ ಹಸಿಮೆಣಸಿನಕಾಯಿ, ವಕಾತಾಯ್ ಅನ್ನುವ ಸೊಪ್ಪು ಅರೆದ ಚಟ್ನಿ. ನಿಮ್ಮ ಅಮ್ಮನೂ ಧಾರಾಳವಾಗಿ ತಿನ್ನಬಹುದು. ಎಷ್ಟೋ ವರ್ಷ ಆಲೂಗಡ್ಡೆ ಬೆಳೆದಿದ್ದೇನೆ, ಅದರ ರುಚಿ ಇಷ್ಟಿದೆ ಅಂತ ಅವತ್ತೇ ಗೊತ್ತಾಗಿದ್ದು.

ಚಳ್ಳಕೆರೆ ಹುಡುಗ:

ಅಕ್ಕ, ಓದುತ್ತಾ ಬಾಯಲ್ಲಿ ನೀರು ಬಂತು. ತುಂಬಾ ಥ್ಯಾಂಕ್ಸ್. ಕಳಸದವರಿಗೂ ಥ್ಯಾಂಕ್ಸ್, ಮಳೆಬಿಲ್ಲು ಬೆಟ್ಟ ಪಟ್ಟಿಯಿಂದ ತೆಗೆದೆ. ಉಳಿದ ದಿನ ಅಮ್ಮನ ಊಟಕ್ಕೆ ಏನು ಮಾಡಿದಿರಿ? ಮಾಚು ಪಿಚು ಅಪ್ಪನಿಗೆ ಆಗುತ್ತದಾ?

ಶಾಂತಿಗ್ರಾಮದ ಅಕ್ಕ:

ಆಗುತ್ತದಪ್ಪ, ಬಿಡಬೇಡಿ. ಓಯಾಂತಾಯ್ತಾಂಬೊದಿಂದ ರೈಲು, ಕೆಳಗಿನ ಊರಿನಿಂದ ಬಾಗಿಲವರೆಗೆ ಬಸ್ಸು ಇದೆ. ಟಿಕೆಟ್‌ನಲ್ಲಿ ಹೊತ್ತೂ ದಾರಿಯೂ ಗೊತ್ತು ಮಾಡಿರುತ್ತದೆ. ಜೂನ್‌ಗೆ ಈಗಲೇ ಬುಕ್ ಮಾಡಿ. 3ನೇ ಸರ್ಕ್ಯೂಟ್ ಅನ್ನುವ ದಾರಿ ಕೆಳಭಾಗದಲ್ಲಿ ಹೋಗುತ್ತದೆ, ಮೆಟ್ಟಿಲು ಉಳಿದವಕ್ಕಿಂತ ಕಡಿಮೆ. ಒಳಗೆ ಶೌಚಾಲಯ ಇಲ್ಲ, ಬಾಗಿಲಲ್ಲೇ ಮುಗಿಸಿಕೊಳ್ಳಬೇಕು. ವಯಸ್ಸಾದವರಿಗೆ ಇದು ಮುಖ್ಯ. ಅಪ್ಪನಿಗೆ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹೊಲದ ಬದುಗಳನ್ನು ತೋರಿಸಿ. ತಳಕ್ಕೆ ಕಲ್ಲು, ಮೇಲೆ ಜಲ್ಲಿ ಮರಳು, ಅದರ ಮೇಲೆ ಮಣ್ಣು ತುಂಬಿದ್ದಾರೆ. ಎಷ್ಟು ಮಳೆ ಬಂದರೂ ನೀರು ಬಸಿದು ಹೋಗುತ್ತದೆ, ಬದು ಜರಿಯುವುದಿಲ್ಲ. ಅರಮನೆಗಿಂತ ಅದನ್ನೇ ನಾನು ಜಾಸ್ತಿ ಹೊತ್ತು ನೋಡಿದ್ದು.

ಊಟಕ್ಕೆ ಸುಮ್ನೆ ಸಸ್ಯಾಹಾರಿ ಅಂದರೆ ಸಾಲದು. ಸಿನ್ ಕಾರ್ನೆ, ಸಿನ್ ಪೋಯೋ, ಸಿನ್ ಪೆಸ್ಕಾದೋ ಅಂತ ಮಾಂಸ, ಕೋಳಿ, ಮೀನು ಮೂರನ್ನೂ ಬೇಡ ಅನ್ನಿ. ಸಿನ್ ವೆವೋ ಅಂದರೆ ಮೊಟ್ಟೆಯೂ ಬೇಡ ಅಂತ. ಕಿನ್ವಾ ಅನ್ನುವ ಕಾಳಿನ ಸೂಪು ತರಕಾರಿಯದ್ದೇ ಅನ್ನಿಸಿದರೂ ನೀರು ಕೋಳಿ ಬೇಯಿಸಿದ್ದಿರಬಹುದು, ಕೇಳಿ ತಿನ್ನಿ. ಸಂತೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಾಳಿನ ಬೇಯಿಸಿದ ಮುಸುಕಿನ ಜೋಳ, ಪಕ್ಕಕ್ಕೆ ಚೀಸ್ ತುಂಡು ಕೊಡುತ್ತಾರೆ. ಹೊಟ್ಟೆ ತುಂಬುತ್ತದೆ. ಕುಡಿಯಲು ನೇರಳೆ ಜೋಳದ ಚಿಚಾ ಮೊರಾದಾ, ಅದರಲ್ಲಿ ಅಮಲಿಲ್ಲ. ಹಳ್ಳಿ ಮನೆಗಳ ಅಡುಗೆಮನೆಯಲ್ಲಿ ಗಿನಿ ಇಲಿ ಸಾಕಿರುತ್ತಾರೆ, ತಿನ್ನಲಿಕ್ಕೇ. ಅಮ್ಮನಿಗೆ ಮೊದಲೇ ಹೇಳಿಟ್ಟಿರಿ.

ಬಳ್ಳಾರಿ ಮಾಸ್ತರು:

ತಮ್ಮಾ, ಅಪ್ಪ ಶೇಂಗಾ ಬೆಳೆದವರು ಅಂದಿರಿ. ಹಾಗಾದರೆ ಉತ್ತರದ ಲಂಬಾಯೆಕೆ ಊರಿಗೆ ಕರೆದುಕೊಂಡು ಹೋಗಿ. ಲಿಮಾದಿಂದ ಚಿಕ್ಲಾಯೊಗೆ ವಿಮಾನ, ಅಲ್ಲಿಂದ ಹತ್ತಿರ. ಕರಾವಳಿ ಬಯಲು, ಎತ್ತರದ ತೊಂದರೆ ಇಲ್ಲ. ಅದರ ಹತ್ತಿರದ ಸಿಪಾನ್‌ನಲ್ಲಿ 1987ರಲ್ಲಿ ವಾಲ್ಟರ್ ಆಲ್ವಾ ಅನ್ನುವ ಪುರಾತತ್ವ ತಜ್ಞರು, ಇಂಕಾಗಳಿಗಿಂತ ಬಹಳ ಮುಂಚೆ ಅಲ್ಲಿದ್ದ ಮೋಚೆ ಜನರ ದೊರೆಯೊಬ್ಬನ ಸಮಾಧಿ ಅಗೆದು ತೆಗೆದರು. ಕಳ್ಳರು ಪಕ್ಕದ ಸಮಾಧಿ ಲೂಟಿ ಮಾಡಿದ್ದರು, ಇದಕ್ಕೆ ಕೈ ಹಾಕುವ ಮುಂಚೆ ಇವರು ತಲುಪಿದರು. ಅದರಲ್ಲಿ ಸಿಕ್ಕ ಒಡವೆಗಳಿಗಾಗಿಯೇ 2002ರಲ್ಲಿ ಲಂಬಾಯೆಕೆಯಲ್ಲಿ ಮ್ಯೂಸಿಯಂ ಕಟ್ಟಿದ್ದಾರೆ.

ಅಲ್ಲಿ ದೊರೆಯ ಕೊರಳ ಹಾರ ಇದೆ. ಮಣಿಗಳೆಲ್ಲ ಶೇಂಗಾ ಕಾಯಿಯ ಆಕಾರ! ಬಲಕ್ಕೆ 10 ಬಂಗಾರದ್ದು, ಎಡಕ್ಕೆ 10 ಬೆಳ್ಳಿಯದು. ನಡು ಸಣ್ಣಗಾಗಿರುವುದು, ಸಿಪ್ಪೆ ಮೇಲಿನ ಗೆರೆ, ಎಲ್ಲವನ್ನೂ ಹಾಗೇ ತಂದಿದ್ದಾರೆ. ಸುಮಾರು 1,700 ವರ್ಷದ ಹಿಂದಿನ ಕೆಲಸ. ಆಗ ನಮ್ಮ ನೆಲಕ್ಕೆ ಶೇಂಗಾ ಇನ್ನೂ ಬಂದೇ ಇರಲಿಲ್ಲ. ರೈತ ಕೈಯಲ್ಲಿ ಹಿಡಿಯುವ ಕಾಯಿಯನ್ನು ದೊರೆ ಕೊರಳಲ್ಲಿ ಹಾಕಿಕೊಂಡಿದ್ದ ಅಂತ ನಿಮ್ಮ ಅಪ್ಪ ಕಣ್ಣಾರೆ ನೋಡಬೇಕು.

ಚಳ್ಳಕೆರೆ ಹುಡುಗ:

ಮಾಸ್ತರೇ, ಇದು ಗೊತ್ತೇ ಇರಲಿಲ್ಲ. ಚಿಕ್ಲಾಯೊ ಸೇರಿಸಿದೆ. ಅಪ್ಪನಿಗೆ ಫೋನ್ ಮಾಡಿ ಆಲೂಗಡ್ಡೆ ಹೊಲದ ವಿಷಯ ಹೇಳಿದೆ. ಅಷ್ಟು ಇಳಿಜಾರಿನಲ್ಲಿ ನೇಗಿಲು ಹೇಗೆ ಹೂಡುತ್ತಾರೆ ಅಂತ ಕೇಳಿದರು. ಬೀಜಕ್ಕೆ ನಾಲ್ಕು ಗೆಡ್ಡೆ ತರಬಹುದಾ ಅಂತಲೂ ಕೇಳುತ್ತಿದ್ದಾರೆ.

ಶಾಂತಿಗ್ರಾಮದ ಅಕ್ಕ:

ಎತ್ತು ಹತ್ತದ ಕಡೆ ಕಾಲಿನಿಂದ ತುಳಿಯುವ ನೇಗಿಲು ಇದೆ, ಚಾಕಿತಾಕ್ಯಾ ಅಂತಾರೆ. ಉದ್ದನೆಯ ಕೋಲು, ತುದಿಗೆ ಕಬ್ಬಿಣ, ಪಕ್ಕದಲ್ಲಿ ಕಾಲಿಡಲು ಒಂದು ತುಂಡು. ಗಂಡಸರು ಜೊತೆಯಾಗಿ ನಿಂತು ತುಳಿದು ಹೆಂಟೆ ಎಬ್ಬಿಸುತ್ತಾರೆ, ಎದುರಿಗೆ ಕೂತವರು ಅದನ್ನು ಕೈಯಲ್ಲಿ ಮಗುಚುತ್ತಾರೆ. ಅಪ್ಪ ಕೇಳಿದರೆ ಕೈಗೆ ಕೊಡುತ್ತಾರೆ, ಮಂಡಿನೋವಿಗೆ ತುಳಿಯುವುದು ಮಾತ್ರ ಬೇಡ.

ಗೆಡ್ಡೆ ಮಾತ್ರ ತರಬೇಡಿ. ಅಂಗಮಾರಿಯೂ ಹುಳವೂ ಊರಿಂದೂರಿಗೆ ಹೋಗುವುದೇ ಗೆಡ್ಡೆಯಲ್ಲಿ. ವಿಮಾನ ನಿಲ್ದಾಣದಲ್ಲೂ ಬಿಡುವುದಿಲ್ಲ. ನನಗೂ ಆಸೆ ಇತ್ತು, ಫೋಟೊ ತೆಗೆದುಕೊಂಡು ಬಂದೆ. ಆ ವನಕ್ಕೆ ಸುಮ್ನೆ ಹೋದರೆ ಆಗುವುದಿಲ್ಲ, ಮುಂಚೆಯೇ ಬರೆದು ದಿನ ಗೊತ್ತು ಮಾಡಿಕೊಳ್ಳಬೇಕು. ವಾತಿಯಾ ಬೇಕು ಅಂತಲೂ ಆಗಲೇ ತಿಳಿಸಿ, ಹೆಂಟೆ ಒಣಗಿಸಿ ಇಟ್ಟಿರುತ್ತಾರೆ.