ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿಗೆ 18 ಸಾವಿರ ಡಾಲರ್ ಕೇಳುತ್ತಿದ್ದಾರೆ, ಸೇರಬಹುದಾ?

ಬೆಣ್ಣೆದೋಸೆ_ಫೋಲ್ಸಮ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ, ಬಂದು ಆರು ವರ್ಷವಾಯಿತು. ಊರು ದಾವಣಗೆರೆ. ಬಿಎಸ್ಸಿ ಮೈಕ್ರೋಬಯಾಲಜಿ ಓದಿದ್ದೇನೆ, ಮದುವೆಗೆ ಮುಂಚೆ ಎರಡು ವರ್ಷ ಒಂದು ಲ್ಯಾಬಿನಲ್ಲಿ ಕೆಲಸ ಮಾಡಿದ್ದೆ. ಮನೆಯವರದು ಎಚ್1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡಿನ ಐ-140 ಅರ್ಜಿ ಅಪ್ರೂವ್ ಆಗಿದೆ, ಹಾಗಾಗಿ ಎಚ್4 (ಅವರ ಹೆಂಡತಿ ಅಂತ ಸಿಕ್ಕ ವೀಸಾ) ಮೇಲಿರುವ ನನಗೆ ಇಎಡಿ, ಅಂದರೆ ಕೆಲಸ ಮಾಡುವ ಪರವಾನಗಿ ಕಾರ್ಡ್, ಕೈಗೆ ಬಂದಿದೆ. ಚಿಕ್ಕವಳೂ ಆಗಸ್ಟಿನಿಂದ ಸ್ಕೂಲಿಗೆ ಹೋಗುತ್ತಾಳೆ. ಇನ್ನು ಮನೇಲಿ ಕೂರಲಾರೆ.

ಇಲ್ಲೊಂದು ಪ್ರೈವೇಟ್ ಸ್ಕೂಲ್ ಇದೆ. ಮೆಡಿಕಲ್ ಅಸಿಸ್ಟೆಂಟ್ (ಎಂಎ, ಡಾಕ್ಟರ ಕ್ಲಿನಿಕ್ಕಿನ ಸಹಾಯಕಿ) ಸರ್ಟಿಫಿಕೇಟ್, ಒಂಬತ್ತು ತಿಂಗಳು, ಎಲ್ಲಾ ಸೇರಿ 18 ಸಾವಿರ ಡಾಲರ್. ಸುಮ್ನೆ ವೆಬ್‌ಸೈಟಿನಲ್ಲಿ ನಂಬರ್ ಹಾಕಿದ್ದಕ್ಕೆ ಆವತ್ತಿಂದ ದಿನಾ ಫೋನು. ನಿನ್ನೆಯಂತೂ "ಈ ಬ್ಯಾಚಲ್ಲಿ ಎರಡೇ ಸೀಟು ಉಳಿದಿದೆ, ಆಸ್ಪತ್ರೆಯಲ್ಲಿ ಹಾಕೋ ಸ್ಕ್ರಬ್ಸು ಬಟ್ಟೆ, ಸ್ಟೆತಾಸ್ಕೋಪು ಫ್ರೀ" ಅಂದ. ನಮ್ಮೆಜಮಾನರು ಎಕ್ಸೆಲ್ ತೆಗೆದು ಕೂತಿದ್ದಾರೆ, ನಾನು ಇಲ್ಲಿಗೆ ಬಂದೆ. ಈ ಕೆಲಸದಲ್ಲಿರುವವರು ಯಾರಾದರೂ ಇದ್ದೀರಾ? ಸಂಬಳ ಎಷ್ಟು ಬರುತ್ತೆ, ಹಾಕಿದ ದುಡ್ಡು ವಾಪಸ್ ಬರುತ್ತಾ?

ಸ್ಕ್ರಬ್ಸ್‌ಗಿತ್ತಿ

ಅಕ್ಕಾ, ಮೊದಲು ಆ ಫೋನ್ ನಂಬರ್ ಬ್ಲಾಕ್ ಮಾಡಿ.

ನಾನು ಹಾಸನದವಳು, ಸ್ಯಾಕ್ರಮೆಂಟೋ ಕಡೆ ನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಾನು ಓದಿದ್ದು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಕಾಲೇಜಿನಲ್ಲಿ. ಈ ರಾಜ್ಯದಲ್ಲಿ ವಾಸವಿರುವವರಿಗೆ ಅಲ್ಲಿ ಫೀಸು ಯೂನಿಟ್ಟಿಗೆ (ಪಾಠವನ್ನು ಅಳೆಯುವ ಲೆಕ್ಕ) 46 ಡಾಲರ್. 30 ಯೂನಿಟ್ಟಿನ ಸರ್ಟಿಫಿಕೇಟ್ ಅಂದರೆ 1,380 ಡಾಲರ್ ಆಯಿತು. ಎಚ್4ನವರಿಗೂ ಆ ರೇಟ್ ಸಿಗುತ್ತದೆ, ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ಇದ್ದೀರಿ ಅಂತ ಕಾಗದಪತ್ರ ತೋರಿಸಬೇಕಷ್ಟೆ. ಪುಸ್ತಕ, ಸ್ಕ್ರಬ್ಸ್, ಸಿಪಿಆರ್ ಕಾರ್ಡ್, ಹೆಪಟೈಟಿಸ್ ಬಿ ಲಸಿಕೆ, ಟಿಬಿ ಟೆಸ್ಟ್, ಪರೀಕ್ಷೆ ಫೀಸು ಎಲ್ಲಾ ಸೇರಿ ನನಗೆ ಎರಡೂವರೆ ಸಾವಿರದೊಳಗೆ ಮುಗಿಯಿತು. ಒಂದೇ ಕಷ್ಟ, ಸೀಟಿಗೆ ಕಾಯಬೇಕು. ನಾನು ಒಂದು ಸೆಮಿಸ್ಟರ್ ಕಾದೆ.

ಇನ್ನೊಂದು ವಿಷಯ ಆ ಸ್ಕೂಲಿನವರು ನಿಮಗೆ ಹೇಳಿರಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೆಡಿಕಲ್ ಅಸಿಸ್ಟೆಂಟಿಗೆ ಲೈಸೆನ್ಸ್ ಅನ್ನುವುದೇ ಇಲ್ಲ. ಇಂಜೆಕ್ಷನ್ ಕೊಡೋಕೆ ಕನಿಷ್ಠ 10 ಗಂಟೆ ತರಬೇತಿ, ರಕ್ತ ತೆಗೆಯೋಕೆ ಇನ್ನೊಂದು 10 ಗಂಟೆ, ಜೊತೆಗೆ ಕೈಯಾರೆ ಮಾಡಿ ತೋರಿಸಿರಬೇಕು, ಅಷ್ಟೇ ನಿಯಮ. ಡಾಕ್ಟರೇ ತಮ್ಮ ಕ್ಲಿನಿಕ್ಕಿನಲ್ಲಿ ಕಲಿಸಿದರೂ ನಡೆಯುತ್ತದೆ. ಆದರೆ ದೊಡ್ಡ ಆಸ್ಪತ್ರೆಯವರು ಸಿಸಿಎಂಎ ಅಥವಾ ಸಿಎಂಎ ಅನ್ನುವ ಮೆಡಿಕಲ್ ಅಸಿಸ್ಟೆಂಟ್ ಪರೀಕ್ಷೆ ಪಾಸಾದವರನ್ನೇ ಕೇಳುತ್ತಾರೆ, ಅಲ್ಲಿ ಸಂಬಳವೂ ಜಾಸ್ತಿ. ಸಿಎಂಎಗೆ ಕೂರಬೇಕು ಅಂತಿದ್ದರೆ ಮಾತ್ರ ಆ ಕೋರ್ಸಿಗೆ ಸಿಎಎಎಚ್‌ಇಪಿ ಅಥವಾ ಎಬಿಎಚ್‌ಇಎಸ್ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿಕೊಳ್ಳಿ. ಆಮೇಲೆ ಎಕ್ಸ್‌ಟರ್ನ್‌ಶಿಪ್ ಅಂತ 160 ಗಂಟೆ ಬಿಟ್ಟಿ ದುಡಿಯಬೇಕು. ಆ ಒಂದು ತಿಂಗಳು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಈಗಲೇ ಯೋಚಿಸಿ.

ಕೆಲಸ ಹೇಗಿರುತ್ತೆ ಅಂದರೆ, ನಮ್ಮಲ್ಲಿ ದಿನಕ್ಕೆ ಇಪ್ಪತ್ತೆರಡು ಇಪ್ಪತ್ನಾಲ್ಕು ಪೇಷೆಂಟ್. ಕರೆಯೋದು, ತೂಕ, ಬಿಪಿ, ಯಾವ ಮಾತ್ರೆ ತಗೋತೀರಿ ಅಂತ ಒಂದೊಂದೇ ಕೇಳಿ ಕಂಪ್ಯೂಟರಿಗೆ ಹಾಕೋದು, ಇಸಿಜಿ, ಲಸಿಕೆ, ಆಮೇಲೆ ರೂಮ್ ಒರೆಸಿ ಟೇಬಲ್ ಮೇಲಿನ ಪೇಪರ್ ಎಳೆದು ಹೊಸದು ಹಾಸೋದು, ಅಷ್ಟರಲ್ಲಿ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಇದೆಲ್ಲಾ ಪರವಾಗಿಲ್ಲ. ಪ್ರಾಣ ಹಿಂಡೋದು ಇನ್ಶೂರೆನ್ಸಿನವರ ಪ್ರಯರ್ ಆಥರೈಸೇಶನ್, ಅಂದರೆ ಮುಂಗಡ ಒಪ್ಪಿಗೆ. ಮೊನ್ನೆ ಒಂದು ಎಂಆರ್‌ಐಗೆ ಒಪ್ಪಿಗೆ ತಗೊಳ್ಳೋಕೆ ಸ್ಪೀಕರಲ್ಲಿ ಅವರ ಸಂಗೀತ ಕೇಳಿಕೊಂಡು ನಲವತ್ತು ನಿಮಿಷ ಕಾದೆ, ಆಮೇಲೆ "ಫ್ಯಾಕ್ಸ್ ಮಾಡಿ" ಅಂದರು. ಈ ಕಾಲದಲ್ಲಿ ಫ್ಯಾಕ್ಸು! ಊಟದ ಡಬ್ಬಿ ತೆರೆದಾಗ ಮೂರು ಗಂಟೆ, ಚಿತ್ರಾನ್ನ ತಣ್ಣಗೆ.

ಸಂಬಳ ನನಗೆ ಗಂಟೆಗೆ 25ರ ಹತ್ತಿರ. ಆರೋಗ್ಯ ಕೆಲಸಗಾರರ ಕನಿಷ್ಠ ವೇತನದ ಕಾನೂನು, ಎಸ್‌ಬಿ 525, 2024ರ ಅಕ್ಟೋಬರ್ 16ರಿಂದ ಜಾರಿಗೆ ಬಂದಮೇಲೆ ದೊಡ್ಡ ಆಸ್ಪತ್ರೆಗಳಲ್ಲಿ ಚೂರು ಸುಧಾರಿಸಿದೆ. ಒಬ್ಬರು ಇಬ್ಬರು ಡಾಕ್ಟರಿರುವ ಚಿಕ್ಕ ಕ್ಲಿನಿಕ್ಕಿಗೆ ಅದು ಅನ್ವಯಿಸಲ್ಲ, ಅಲ್ಲಿ ಕಡಿಮೆಯೇ.

ಎರಡನೇ_ಶಿಫ್ಟ್

ನಾನು ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್. ಬಿಎಸ್ಸಿ ನರ್ಸಿಂಗ್ ಬೆಂಗಳೂರಲ್ಲಿ ಮಾಡಿ, ಇಲ್ಲಿ ನರ್ಸಿಂಗ್ ಲೈಸೆನ್ಸಿನ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದೆ. ಮೇಲಿನವರು ಹೇಳಿದ್ದೆಲ್ಲಾ ಸರಿ, ಒಂದು ಮಾತು ಸೇರಿಸುತ್ತೇನೆ.

ಬಹಳ ಜನ ಎಂಎ ಆದರೆ ನಿಧಾನಕ್ಕೆ ನರ್ಸ್ ಆಗಬಹುದು ಅಂದುಕೊಳ್ಳುತ್ತಾರೆ. ಆಗಲ್ಲ. ಹತ್ತು ವರ್ಷ ಎಂಎ ಆಗಿದ್ದರೂ ನರ್ಸಿಂಗ್ ಸ್ಕೂಲಿಗೆ ಮೊದಲಿಂದಲೇ ಹೋಗಬೇಕು. ಐವಿ (ಡ್ರಿಪ್) ಹಾಕುವ ಹಾಗಿಲ್ಲ, ಫೋನಿನಲ್ಲಿ ಪೇಷೆಂಟಿಗೆ ನೀವಾಗಿ ಸಲಹೆ ಕೊಡುವ ಹಾಗಿಲ್ಲ, ಗೆರೆ ಅಲ್ಲೇ ಇದೆ. ಅಮೆರಿಕ ಸರ್ಕಾರದ 2023ರ ಲೆಕ್ಕದಲ್ಲಿ ಮಧ್ಯಮ ಸಂಬಳ ವರ್ಷಕ್ಕೆ ಎಂಎಗೆ 42,000 ಡಾಲರ್, ಎಲ್‌ಪಿಎನ್‌ಗೆ (ಆರ್‌ಎನ್‌ಗಿಂತ ಕೆಳಗಿನ ದರ್ಜೆಯ ನರ್ಸ್) 59,730, ಆರ್‌ಎನ್‌ಗೆ 86,070. ಇದು ಇಡೀ ದೇಶದ್ದು, ಕ್ಯಾಲಿಫೋರ್ನಿಯಾದಲ್ಲಿ ಮೂರೂ ಮೇಲಿವೆ. ಎಲ್‌ಪಿಎನ್‌ಗೆ ಇಲ್ಲಿ ಎಲ್‌ವಿಎನ್ ಅನ್ನುತ್ತಾರೆ, ಅದು ಒಂದು ಒಂದೂವರೆ ವರ್ಷದ ಓದು.

ಆದರೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲರೂ ದಾಟಿಕೊಂಡು ಹೋದದ್ದು ಒಂದಿದೆ. ನೀವು ಮೈಕ್ರೋಬಯಾಲಜಿ, ಲ್ಯಾಬ್ ಅನುಭವ ಬೇರೆ. ಎಂಎ ಯಾಕೆ ತಲೆಗೆ ಬಂತು? ಜಾಹೀರಾತು ನೋಡಿಯಾ? ರಕ್ತ ತೆಗೆಯುವ ಸಿಪಿಟಿ-1 ಲೈಸೆನ್ಸ್ ನೋಡಿ. ಅದು ಈ ರಾಜ್ಯದವರೇ ಕೊಡುವುದು, 40 ಗಂಟೆ ಪಾಠ, 40 ಗಂಟೆ ಪ್ರಾಕ್ಟಿಕಲ್, ಅದರಲ್ಲಿ ನಿಜವಾದ ಜನರಿಂದ 50 ಸಲ ನರದಿಂದ, 10 ಸಲ ಬೆರಳಿನಿಂದ ರಕ್ತ ತೆಗೆದಿರಬೇಕು. ಕೆಲವೇ ತಿಂಗಳ ಕೆಲಸ, ಸಂಬಳ ಎಂಎಗೆ ಹೆಚ್ಚುಕಮ್ಮಿ ಸಮ. ಜೊತೆಗೆ ನಿಮ್ಮ ಮಾರ್ಕ್ಸ್ ಕಾರ್ಡುಗಳನ್ನು ಇವ್ಯಾಲ್ಯುಯೇಶನ್‌ಗೆ (ಇಲ್ಲಿನ ಓದಿಗೆ ಹೋಲಿಸಿ ಬೆಲೆ ಕಟ್ಟುವುದು) ಕಳಿಸಿ. ಮೂರು ವರ್ಷದ ಬಿಎಸ್ಸಿಯನ್ನು ಇಲ್ಲಿ ಪೂರ್ತಿ ಡಿಗ್ರಿ ಅಂತ ಒಪ್ಪದೇ ಇರಬಹುದು, ಆದರೆ ಎಂಎಲ್‌ಟಿ (ಲ್ಯಾಬ್ ಟೆಕ್ನಿಶಿಯನ್) ಲೈಸೆನ್ಸಿಗೆ 60 ಯೂನಿಟ್, ಅದರಲ್ಲಿ 36 ವಿಜ್ಞಾನ ಇದ್ದರೆ ಓದಿನ ಭಾಗ ಸಾಕು. ಆಮೇಲೆ ತರಬೇತಿ, ಪರೀಕ್ಷೆ. ಓದಿದ್ದನ್ನು ಯಾಕೆ ಮೂಲೆಗೆ ಹಾಕುತ್ತೀರಿ.

ಕೋಡು_ಮಾರಮ್ಮ

ಇದೆಲ್ಲಾ ಯಾಕೆ ಮೇಡಂ, ಮೂರು ತಿಂಗಳು ಟೆಸ್ಟಿಂಗ್ ಕೋರ್ಸ್ ಮಾಡಿ ಐಟಿಗೆ ಬನ್ನಿ.

ಸ್ಕ್ರಬ್ಸ್‌ಗಿತ್ತಿ

@ಕೋಡು_ಮಾರಮ್ಮ ಹೋದ ವಾರ ನೀವೇ ಅಲ್ವಾ ಲೇಆಫ್ ಅಂತ ಅಳುತ್ತಿದ್ದಿದ್ದು?

ಮಂಡ್ಯ_ಟು_ಮಿಲ್ಪಿಟಾಸ್

ನನ್ನ ಹೆಂಡತಿ ಇಂಥದೇ ಒಂದು ಪ್ರೈವೇಟ್ ಸ್ಕೂಲಿನಲ್ಲಿ ಮಾಡಿದಳು. ಹೆಸರು ಬೇಡ. 16 ಸಾವಿರ ಕೊಟ್ಟೆವು. ಪಾಠ ಏನೂ ಕೆಟ್ಟದಾಗಿರಲಿಲ್ಲ, ಸುಳ್ಳು ಹೇಳಬಾರದು. ಹೊಟ್ಟೆ ಉರಿದಿದ್ದು ಆಮೇಲೆ. ನರ್ಸಿಂಗಿಗೆ ಹೋಗೋಣ ಅಂತ ಕಮ್ಯುನಿಟಿ ಕಾಲೇಜಿಗೆ ಹೋದರೆ ಅಲ್ಲಿದ್ದ ಕೌನ್ಸೆಲರ್ ಆ ಸರ್ಟಿಫಿಕೇಟ್ ನೋಡಿ, ಒಂದು ಯೂನಿಟ್ಟೂ ಲೆಕ್ಕಕ್ಕೆ ಬರಲ್ಲ ಅಂದರು. ಒಂದೂ ಇಲ್ಲ! ಸೇರುವಾಗ ಕೇಳಬೇಕಿತ್ತು, ಕೇಳಲಿಲ್ಲ.

ಇಂಥ ಕೋರ್ಸುಗಳ ಹಳೇ ಕತೆ ನಿಮಗೆ ಗೊತ್ತಿರಲಿ. ಎವರೆಸ್ಟ್, ಹೀಲ್ಡ್ ಅನ್ನುವ ಸ್ಕೂಲುಗಳನ್ನು ನಡೆಸುತ್ತಿದ್ದ ಕೊರಿಂಥಿಯನ್ ಕಾಲೇಜಸ್ 2015ರಲ್ಲಿ ಮುಚ್ಚಿಹೋಯಿತು. 2022ರಲ್ಲಿ ಸರ್ಕಾರ ಅಲ್ಲಿ ಓದಿದ 5 ಲಕ್ಷ 60 ಸಾವಿರ ಜನರ 580 ಕೋಟಿ ಡಾಲರ್ ಸಾಲ ಮನ್ನಾ ಮಾಡಬೇಕಾಯಿತು. ಅವರದು ಸರ್ಕಾರದ ಸಾಲ, ಹಾಗಾಗಿ ಬಚಾವಾದರು. ಎಚ್4ನವರಿಗೆ ಆ ಸಾಲವೂ ಇಲ್ಲ, ಪೆಲ್ ಗ್ರಾಂಟ್ ಅನ್ನುವ ಸರ್ಕಾರದ ಸಹಾಯಧನವೂ ಇಲ್ಲ. ನಮ್ಮದು ಕೈಯಿಂದ ಹೋಗುವ ದುಡ್ಡು.

ಎಕ್ಸೆಲ್ ನೋಡುತ್ತಿರುವ ನಿಮ್ಮ ಯಜಮಾನರಿಗೆ ಒಂದು ಸಾಲು ಹೇಳಿ. ಇಬ್ಬರೂ ಸೇರಿ ಟ್ಯಾಕ್ಸ್ ಫೈಲ್ ಮಾಡುವಾಗ ನಿಮ್ಮ ಸಂಬಳ ಅವರ ಸಂಬಳದ ತಲೆ ಮೇಲೆ ಕೂರುತ್ತದೆ. ನಮ್ಮ ಸ್ಲ್ಯಾಬಿನಲ್ಲಿ ಫೆಡರಲ್ 22, ಕ್ಯಾಲಿಫೋರ್ನಿಯಾ 9.3, ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ 7.65, ಹೆಚ್ಚುಕಮ್ಮಿ 39 ಪರ್ಸೆಂಟ್. ಗಂಟೆಗೆ 25 ಅಂದರೆ ವರ್ಷಕ್ಕೆ 52 ಸಾವಿರ, ಕೈಗೆ ಬಂದಿದ್ದು 31 ಚಿಲ್ಲರೆ. ಎರಡು ಮಕ್ಕಳ ಆಫ್ಟರ್ ಸ್ಕೂಲಿಗೆ ನಾವು ತಿಂಗಳಿಗೆ 1,100 ಕಟ್ಟುತ್ತಿದ್ದೆವು. ಉಳಿದಿದ್ದು ವರ್ಷಕ್ಕೆ 18 ಸಾವಿರದ ಸುತ್ತಮುತ್ತ. ನಿಮ್ಮ ಸ್ಕೂಲು ಕೇಳುತ್ತಿರುವುದು ಎಷ್ಟು? ಅಷ್ಟೇ ಅಲ್ವಾ? ಕೋರ್ಸಿನ ಒಂಬತ್ತು ತಿಂಗಳು, ಆಮೇಲೆ ಒಂದು ವರ್ಷ ಪೂರ್ತಿ ಅವರಿಗೇ ದುಡಿದ ಹಾಗೆ. ಎರಡೂವರೆ ಸಾವಿರ ಆದರೆ ಎರಡು ತಿಂಗಳಲ್ಲಿ ವಾಪಸ್.

ಹಾಗಂತ ಕೆಲಸವೇ ಬೇಡ ಅನ್ನುತ್ತಿಲ್ಲ. ಸೋಶಿಯಲ್ ಸೆಕ್ಯುರಿಟಿ ಪಿಂಚಣಿಗೆ ಬೇಕಾದ ನಿಮ್ಮದೇ 40 ಕ್ರೆಡಿಟ್ ಆಗೋಕೆ ಹತ್ತು ವರ್ಷ ಬೇಕು, ಬೇಗ ಶುರು ಮಾಡಿದಷ್ಟೂ ಒಳ್ಳೇದು. ಆಮೇಲೆ, ನನ್ನ ಹೆಂಡತಿ ಮೊದಲ ಸಂಬಳದಲ್ಲಿ ಮಂಡ್ಯಕ್ಕೆ ಹೋಗಿಬರೋಕೆ ತನ್ನ ಟಿಕೆಟ್ ತಾನೇ ತಗೊಂಡಳು. ಅದಕ್ಕೆ ಎಕ್ಸೆಲಿನಲ್ಲಿ ಕಾಲಮ್ ಇಲ್ಲ.

ಎರಡನೇ_ಶಿಫ್ಟ್

ಇಎಡಿ ವಿಷಯ ಮರೆತೆ. 2025ರ ಅಕ್ಟೋಬರ್ 30ರಿಂದ ಈಚೆಗೆ ರಿನ್ಯೂವಲ್‌ಗೆ ಹಾಕಿದವರಿಗೆ ತಾನಾಗಿಯೇ ಸಿಗುತ್ತಿದ್ದ ಎಕ್ಸ್‌ಟೆನ್ಶನ್ ನಿಂತಿದೆ. ಕಾರ್ಡಿನ ದಿನ ಮುಗಿಯಿತೆಂದರೆ ಹೊಸದು ಬರುವವರೆಗೆ ಮನೆಯಲ್ಲೇ. ಮುಗಿಯುವ 180 ದಿನ ಮುಂಚೆಯೇ ಹಾಕಬಹುದು, ಹಾಕಿಬಿಡಿ. ಕಾರ್ಡ್ ಯಾವಾಗ ಮುಗಿಯುತ್ತೆ ನೋಡಿಕೊಂಡು ಕೋರ್ಸ್ ಆರಿಸಿ.

ಬೆಣ್ಣೆದೋಸೆ_ಫೋಲ್ಸಮ್

ಎಲ್ಲರಿಗೂ ಥ್ಯಾಂಕ್ಸ್. ಕಾರ್ಡ್ ತೆಗೆದು ನೋಡಿದೆ, ಇನ್ನು ಹದಿನಾಲ್ಕು ತಿಂಗಳಿದೆ. ಪ್ರೈವೇಟ್ ಸ್ಕೂಲಿನವನು ಇವತ್ತೂ ಫೋನ್ ಮಾಡಿದ. ನಿಮ್ಮ ಯೂನಿಟ್ಟುಗಳನ್ನು ಕಮ್ಯುನಿಟಿ ಕಾಲೇಜಿನವರು ಒಪ್ಪುತ್ತಾರಾ ಅಂತ ಕೇಳಿದೆ. "ಮ್ಯಾನೇಜರ್ ಹತ್ರ ಕೇಳಿ ಹೇಳ್ತೀನಿ" ಅಂದವನು ಮತ್ತೆ ಮಾಡಲಿಲ್ಲ.

ಕಮ್ಯುನಿಟಿ ಕಾಲೇಜಿನ ಎಂಎ ಕೋರ್ಸಿಗೆ ಹೆಸರು ಕೊಟ್ಟು ಬಂದಿದ್ದೇನೆ. ಸೀಟು ಬರುವುದರೊಳಗೆ ಸಿಪಿಟಿ-1 ಮುಗಿಯುತ್ತಾ ನೋಡಬೇಕು. ಡಿಗ್ರಿ ಮಾರ್ಕ್ಸ್ ಕಾರ್ಡುಗಳು ದಾವಣಗೆರೆಯಲ್ಲಿ ಅಮ್ಮನ ಬೀರುವಿನಲ್ಲಿವೆ, ಯೂನಿವರ್ಸಿಟಿಯಿಂದ ಸೀಲ್ ಹಾಕಿದ ಕವರಿನಲ್ಲೇ ಟ್ರಾನ್ಸ್‌ಕ್ರಿಪ್ಟ್ ಬರಬೇಕಂತೆ. ತಮ್ಮನನ್ನು ಓಡಾಡಿಸಬೇಕು. ಇತ್ತೀಚೆಗೆ ಟ್ರಾನ್ಸ್‌ಕ್ರಿಪ್ಟ್ ತರಿಸಿಕೊಂಡವರು ಯಾರಾದರೂ ಇದ್ದರೆ ಎಷ್ಟು ದಿನ ಹಿಡಿಯಿತು ಹೇಳುತ್ತೀರಾ?