ಹೆತ್ತವರಿಲ್ಲದೆ ಬಂದ ನಿರಾಶ್ರಿತ ಹುಡುಗ: ಮನಸ್ಸಿನ ಚಿಕಿತ್ಸೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಯುದ್ಧದಿಂದ ತಪ್ಪಿಸಿಕೊಂಡು ಒಂಟಿಯಾಗಿ ಬಂದ ಹದಿಹರೆಯದ ಹುಡುಗರ ವಸತಿಗೃಹವೊಂದರಲ್ಲಿ ನಾನು ರಾತ್ರಿ ಪಾಳಿಯ ಕೆಲಸ ಮಾಡುತ್ತೇನೆ. ಅಲ್ಲಿನ 16 ವರ್ಷದ ಹುಡುಗನೊಬ್ಬನ ಬಗ್ಗೆ ಕೇಳಬೇಕಾಗಿದೆ. ಅವನ ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವನು ಬೂಟು ಬಿಚ್ಚದೆ ಮಲಗುತ್ತಾನೆ. ದೀಪ ಆರಿಸಲು ಬಿಡುವುದಿಲ್ಲ. ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಬೆಳಗಿನ ಜಾವದವರೆಗೂ ಎಚ್ಚರವಾಗಿಯೇ ಕೂತಿರುತ್ತಾನೆ. ಆಪ್ತಸಲಹೆಗಾರರ ಬಳಿ ಎರಡು ಸಲ ಕರೆದೊಯ್ದೆವು. ಎರಡು ಸಲವೂ "ನಾನು ಹುಚ್ಚನಲ್ಲ" ಎಂದಷ್ಟೇ ಹೇಳಿ ಎದ್ದು ಬಂದ. ತಾಯಿ ಬದುಕಿದ್ದಾಳೋ ಇಲ್ಲವೋ ಅವನಿಗೆ ತಿಳಿಯದು. ಆಶ್ರಯದ ಅರ್ಜಿ ತೀರ್ಮಾನವಾಗಿ ಬದುಕು ಒಂದು ನೆಲೆಗೆ ಬರುವವರೆಗೆ ಚಿಕಿತ್ಸೆಯ ಮಾತು ಬೇಡವೆಂದು ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ; ನಡೆದದ್ದನ್ನೆಲ್ಲ ಒಮ್ಮೆ ಬಾಯಿ ಬಿಡಿಸಿದರೆ ಹಗುರಾಗುತ್ತಾನೆ ಎಂಬುದು ಇನ್ನು ಕೆಲವರ ವಾದ. ಯಾವುದು ಸರಿ?

ಉತ್ತರ 1

ಎರಡೂ ಸರಿಯಲ್ಲವೆಂದೇ ಹೇಳಬೇಕಾಗುತ್ತದೆ. ನಾನು ಮಕ್ಕಳ ಮನಶ್ಶಾಸ್ತ್ರಜ್ಞೆಯಾಗಿ ಇಂಥ ಹುಡುಗರೊಂದಿಗೆ ಕೆಲಸ ಮಾಡಿದ್ದೇನೆ.

ಮೊದಲು ಬಾಯಿ ಬಿಡಿಸುವ ವಿಚಾರ. ಒಂದೇ ಕೂರಿಕೆಯಲ್ಲಿ ಎಲ್ಲವನ್ನೂ ಹೇಳಿಸಿಬಿಡುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡವೆಂದಿದೆ. ನಿಮ್ಮ ಹುಡುಗ ತನ್ನ ಕಥೆಯನ್ನು ಗಡಿಯ ಪೊಲೀಸರಿಗೆ, ಆಶ್ರಯದ ಅಧಿಕಾರಿಗೆ, ವಕೀಲರಿಗೆ ಈಗಾಗಲೇ ಹೇಳಿರುತ್ತಾನೆ. ಪ್ರತಿ ಸಲವೂ ಅವನ ಮಾತು ನಿಜವೋ ಸುಳ್ಳೋ ಎಂಬ ಪರೀಕ್ಷೆ ನಡೆದಿರುತ್ತದೆ, ಅವನ ವಯಸ್ಸನ್ನೂ ಅನುಮಾನಿಸಿರಬಹುದು. ಆಪ್ತಸಲಹೆಗಾರರು ಪುಸ್ತಕ ತೆರೆದು ಪೆನ್ನು ಹಿಡಿದೊಡನೆ ಅವನಿಗೆ ಅಲ್ಲಿ ಕಾಣುವುದು ಇನ್ನೊಬ್ಬ ಅಧಿಕಾರಿಯೇ. ಇಲ್ಲಿ ಆಡಿದ ಮಾತು ಅರ್ಜಿಯ ಕಡತಕ್ಕೆ ಹೋಗುವುದಿಲ್ಲ, ಜೀವಕ್ಕೆ ಅಪಾಯವಿದ್ದಾಗ ಮಾತ್ರ ಬೇರೆಯವರಿಗೆ ತಿಳಿಸುತ್ತೇವೆ ಎಂಬುದನ್ನು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳಬೇಕು. ಬೂಟು ಬಿಚ್ಚದಿರುವುದು ಹುಚ್ಚಲ್ಲವೆಂದೂ ಹೇಳಿ. ದಾರಿಯುದ್ದಕ್ಕೂ ಅದೇ ಅವನ ಜೀವ ಉಳಿಸಿದೆ; ಅಪಾಯ ಕಳೆದಿದೆ ಎಂಬ ಸುದ್ದಿ ಅವನ ಮೈಗೆ ಇನ್ನೂ ಮುಟ್ಟಿಲ್ಲ.

ಇನ್ನು ಕಾಯುವ ವಿಚಾರ. ಅರ್ಜಿಯ ತೀರ್ಮಾನಕ್ಕೆ ವರ್ಷಗಳೇ ಹಿಡಿಯಬಹುದು, ಆ ವರ್ಷಗಳು ಅವನ ಹರೆಯದ ವರ್ಷಗಳು. ಅನಿಶ್ಚಿತತೆಯ ನಡುವೆಯೂ ನಡೆಸಬಹುದಾದ ಚಿಕಿತ್ಸೆಗಳಿವೆ. ಕಥನ ಚಿಕಿತ್ಸೆಯ ಮಕ್ಕಳ ರೂಪವಾದ 'ಕಿಡ್‌ನೆಟ್'ನಲ್ಲಿ ಒಂದು ಹಗ್ಗವನ್ನು ನೆಲದ ಮೇಲೆ ಹಾಸುತ್ತಾರೆ. ಅದು ಹುಡುಗನ ಆಯುಷ್ಯದ ದಾರಿ. ಒಳ್ಳೆಯ ನೆನಪಿಗೊಂದು ಹೂವು, ಕೆಟ್ಟದ್ದಕ್ಕೊಂದು ಕಲ್ಲು ಇಡುತ್ತಾನೆ. ಕಲ್ಲಿನ ಕಥೆಗಳನ್ನು ಮುಂದಿನ ಭೇಟಿಗಳಲ್ಲಿ ಒಂದೊಂದಾಗಿ, ನಿಧಾನವಾಗಿ ಹೇಳುತ್ತಾ ಹೋಗುತ್ತಾನೆ. ಕಲ್ಲುಗಳ ನಡುವೆ ಹೂವೂ ಇತ್ತೆಂಬುದನ್ನು ಅವನೇ ಮೊದಲ ಬಾರಿ ಕಾಣುವ ಗಳಿಗೆಯನ್ನು ನಾನು ಮರೆಯಲಾರೆ. ಜರ್ಮನಿಯಲ್ಲಿ ಒಂಟಿ ನಿರಾಶ್ರಿತ ಯುವಕರಿಗೆಂದೇ ರೂಪಿಸಿದ, 'ನನ್ನ ದಾರಿ' ಎಂಬರ್ಥದ 'ಮೈನ್ ವೇಗ್' ಎಂಬ ಆರು ಭೇಟಿಗಳ ಗುಂಪು ಕಾರ್ಯಕ್ರಮವನ್ನು ತರಬೇತಿ ಪಡೆದ ಸಮಾಜ ಕಾರ್ಯಕರ್ತರೇ ನಡೆಸಿದರು. ಆಘಾತದ ಲಕ್ಷಣಗಳು ಮಾಮೂಲಿ ಆರೈಕೆಗಿಂತ ಹೆಚ್ಚು ತಗ್ಗಿದವೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಜ್ಞರು ಸಿಗಲಿಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ.

ಉತ್ತರ 2

ನಾನು ದುಭಾಷಿ. ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಪರ್ಷಿಯನ್ ಮಾತಾಡುವ ಹುಡುಗನೊಬ್ಬ ವೈದ್ಯರೆದುರು "ನನ್ನ ಜಿಗರ್ ಸುಡುತ್ತಿದೆ" ಎಂದ. ಫೋನಿನಲ್ಲಿ ಭಾಷಾಂತರಿಸುತ್ತಿದ್ದವರು ಅದನ್ನು ಪಿತ್ತಜನಕಾಂಗದ ಉರಿ ಎಂದು ಪದಕ್ಕೆ ಪದ ಇಟ್ಟು ಹೇಳಿದರು, ವೈದ್ಯರು ರಕ್ತಪರೀಕ್ಷೆ ಬರೆದರು. ಆ ಭಾಷೆಯಲ್ಲಿ ಅದು ದುಃಖದ ಮಾತು. ನಾವು ಕರುಳು ಕಿತ್ತುಬಂತು ಎನ್ನುವುದಿಲ್ಲವೇ, ಹಾಗೆ. ಮುಂದಿನ ಭೇಟಿಗೆ ನಾನು ಹೋಗಿದ್ದರಿಂದ ವಿಷಯ ತಿಳಿಯಿತು. ಅದೇ ವಸತಿಗೃಹದ ಇನ್ನೊಬ್ಬ ಹುಡುಗನನ್ನು ದಯವಿಟ್ಟು ದುಭಾಷಿಯಾಗಿ ಕೂರಿಸಬೇಡಿ. ಗುಟ್ಟು ಉಳಿಯುವುದಿಲ್ಲ, ಆ ಹುಡುಗನ ಗಾಯವೂ ಕೆದರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅವನು ತಾಯಿಯ ಬಗ್ಗೆ ಕೇಳಿದಾಗ ಏನು ಹೇಳಲಿ? ನಿದ್ರೆಗೆ ಮಾತ್ರೆ ಕೊಡಿಸಬಹುದೇ?

ಉತ್ತರ 3

ಇಂಥ ಮಕ್ಕಳಿಗೆ ಕಾನೂನುಬದ್ಧ ಪಾಲಕಳಾಗಿರುವವಳು ನಾನು. "ಖಂಡಿತ ಬದುಕಿರುತ್ತಾಳೆ" ಎನ್ನಬೇಡಿ, "ಮರೆತುಬಿಡು" ಎನ್ನಲೂ ಬೇಡಿ. ಸತ್ತವರಿಗೆ ಅಳಬಹುದು, ಇದ್ದಾರೋ ಇಲ್ಲವೋ ತಿಳಿಯದವರಿಗೆ ಅಳುವುದೇ ದ್ರೋಹವೆಂದು ಮಕ್ಕಳಿಗೆ ಅನ್ನಿಸುತ್ತದೆ. ಗೊತ್ತಿಲ್ಲವೆಂಬ ಸತ್ಯವನ್ನೇ ಹೇಳಿ, ರೆಡ್ ಕ್ರಾಸ್ ಸಂಸ್ಥೆಯ ಕುಟುಂಬ ಶೋಧನಾ ಸೇವೆಯ ಬಗ್ಗೆ ತಿಳಿಸಿ; ಅರ್ಜಿ ಹಾಕುವುದೋ ಬಿಡುವುದೋ ಎಂಬ ನಿರ್ಧಾರ ಮಾತ್ರ ಅವನದೇ ಆಗಿರಲಿ, ಏಕೆಂದರೆ ಹುಡುಕಿದರೆ ಊರಿನಲ್ಲಿರುವವರಿಗೆ ಅಪಾಯವಾದೀತೆಂದು ಅವನು ಹೆದರಿರಬಹುದು.

ಮಾತ್ರೆಯನ್ನು ಮಕ್ಕಳ ಮನೋವೈದ್ಯರೇ ನಿರ್ಧರಿಸಲಿ. ಆದರೆ ಸಾಯುವ ಮಾತಾಡಿದರೆ ಒಂದು ರಾತ್ರಿಯನ್ನೂ ಕಾಯದೆ ವೈದ್ಯರ ಬಳಿ ಕರೆದೊಯ್ಯಿರಿ. ಬೂಟು, ಕುರ್ಚಿಗಳ ತಂಟೆಗೆ ಹೋಗಬೇಡಿ. ಯಾವ ಹೊತ್ತಿಗೆ ಬಾಗಿಲ ಬಳಿ ಬರುತ್ತೀರೆಂದು ಸಂಜೆಯೇ ಹೇಳಿ, ಅದೇ ಹೊತ್ತಿಗೆ ಹೋಗಿ, ಹೆಸರು ಹಿಡಿದು ಕರೆದು ಬಾಗಿಲು ತಟ್ಟಿ.

ಕೊನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. 1945ರಲ್ಲಿ ನಾಜಿಗಳ ತೆರೆಜಿನ್ ಬಂಧನ ಶಿಬಿರದಿಂದ ಇಂಗ್ಲೆಂಡಿಗೆ ತಂದ, ಮೂರು ವರ್ಷ ವಯಸ್ಸಿನ ಆಸುಪಾಸಿನ ಆರು ಅನಾಥ ಮಕ್ಕಳನ್ನು ಕುರಿತು ಮಕ್ಕಳ ಮನೋವಿಶ್ಲೇಷಕಿ ಆ್ಯನಾ ಫ್ರಾಯ್ಡ್ ಮತ್ತು ಅವರ ಸಹೋದ್ಯೋಗಿ ಸೋಫಿ ಡಾನ್ 1951ರಲ್ಲಿ ಬರೆದರು. ಆ ಮಕ್ಕಳು ದೊಡ್ಡವರನ್ನು ನಂಬುತ್ತಿರಲಿಲ್ಲ, ಆದರೆ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ಅವರನ್ನು ಒಟ್ಟಿಗೇ ಇರಿಸಿದ್ದರಿಂದ ದೊಡ್ಡವರ ಮೇಲಿನ ನಂಬಿಕೆಯೂ ನಿಧಾನವಾಗಿ ಮೂಡಿತು. ನಿಮ್ಮ ಹುಡುಗನಿಗೂ ಅಂಥ ಒಬ್ಬ ಗೆಳೆಯನಿದ್ದರೆ, ಹಾಸಿಗೆಗಳ ಲೆಕ್ಕಕ್ಕಾಗಿ ಅವರನ್ನು ಅಗಲಿಸಲು ಬಿಡಬೇಡಿ.

ಪ್ರಶ್ನೆ ಕೇಳಿದವರು

ಅವನೊಂದಿಗೆ ದಾರಿಯುದ್ದಕ್ಕೂ ನಡೆದು ಬಂದ ಹುಡುಗನೊಬ್ಬ ಅದೇ ಕೋಣೆಯಲ್ಲಿದ್ದಾನೆ. ಬೇರೆ ಕಟ್ಟಡಕ್ಕೆ ವರ್ಗಾಯಿಸುವವರ ಪಟ್ಟಿಯಲ್ಲಿ ಆ ಹುಡುಗನ ಹೆಸರಿದೆ. ಅದನ್ನು ತಡೆಯಬೇಕೆಂದು ಇಂದೇ ಮೇಲ್ವಿಚಾರಕರಿಗೆ ಬರೆಯುತ್ತೇನೆ.